ಗ್ಯಾಸ್ ಕೊರತೆಯ ಸುದ್ದಿ ಬಂದಾಗ ಮನೆಯಲ್ಲಿ ಎಷ್ಟು ಸಿಲಿಂಡರ್ ಇರಬೇಕು?

ಓದುಗರ ಪ್ರಶ್ನೆ: ಕೊಲ್ಲಿ ದೇಶಗಳ ಕಡೆ ಗಲಾಟೆ ಎಂಬ ಸುದ್ದಿ ಬಂದಾಗಲೆಲ್ಲ ಅಡುಗೆ ಅನಿಲದ ಬೆಲೆ ಏರುತ್ತದೆ, ಸಿಲಿಂಡರ್ ಸಿಗುವುದಿಲ್ಲ ಎಂಬ ಮಾತು ಕೇಳಿಬರುತ್ತದೆ. ನಾವು ಹೆಚ್ಚುವರಿ ಸಿಲಿಂಡರ್ ತಂದಿಟ್ಟುಕೊಳ್ಳಬೇಕೇ, ಅಥವಾ ಇಂಡಕ್ಷನ್ ಒಲೆ ಕೊಳ್ಳುವುದು ಜಾಣತನವೇ?

ಉತ್ತರ: ನಿಮ್ಮದು ಒಂದೇ ಸಿಲಿಂಡರಿನ ಸಂಪರ್ಕವಾಗಿದ್ದರೆ ಎರಡನೆಯದನ್ನು ಅಧಿಕೃತವಾಗಿ ಪಡೆದುಕೊಳ್ಳಿ, ಮೂರನೆಯದಕ್ಕೆ ಕೈಹಾಕಬೇಡಿ. ಇಂಡಕ್ಷನ್ ಒಲೆ ಮನೆಯಲ್ಲಿರುವುದು ಒಳ್ಳೆಯದೇ, ಆದರೆ ಅಂಗಡಿಗೆ ಹೋಗುವ ಮುನ್ನ ಅಡುಗೆಮನೆಯ ಪ್ಲಗ್ಗನ್ನೂ ಕಳೆದ ತಿಂಗಳ ಕರೆಂಟ್ ಬಿಲ್ಲನ್ನೂ ಒಮ್ಮೆ ನೋಡಿ. ಸಂಗ್ರಹ ಹೆಚ್ಚಿಸಿಕೊಳ್ಳುವುದಕ್ಕಿಂತ ಅಡುಗೆಗೆ ಎರಡು ದಾರಿ ಇಟ್ಟುಕೊಳ್ಳುವುದೇ ಹೆಚ್ಚು ಉಪಯುಕ್ತವಾದ ಸಿದ್ಧತೆ ಎಂಬುದು ನನ್ನ ಅಭಿಪ್ರಾಯ.

ಭಾರತ ವರ್ಷಕ್ಕೆ ಸುಮಾರು 3 ಕೋಟಿ ಟನ್ ಎಲ್‌ಪಿಜಿ ಬಳಸುತ್ತದೆ. ಅದರಲ್ಲಿ ಸುಮಾರು 60 ಶೇಕಡಾ ಆಮದು. ಆಮದಿನ ಬಹುಪಾಲು ಕತಾರ್, ಸಂಯುಕ್ತ ಅರಬ್ ಎಮಿರೇಟ್ಸ್, ಸೌದಿ ಅರೇಬಿಯಾ ಮತ್ತು ಕುವೈತ್‌ಗಳಿಂದ ಬರುವಂಥದ್ದು, ಹೆಚ್ಚಾಗಿ ಕೊಲ್ಲಿಯಿಂದ ಹೊರಬರುವ ಇಕ್ಕಟ್ಟಾದ ಸಮುದ್ರದಾರಿಯಾದ ಹಾರ್ಮುಜ್ ಜಲಸಂಧಿಯನ್ನು ದಾಟಿಯೇ ಬರಬೇಕಾದದ್ದು. ಈ ಅವಲಂಬನೆಯನ್ನು ತಗ್ಗಿಸಲೆಂದು 2026ರ ಸಾಲಿಗೆ ಅಮೆರಿಕದಿಂದ 22 ಲಕ್ಷ ಟನ್ ತರಿಸುವ ಒಪ್ಪಂದವನ್ನು 2025ರ ನವೆಂಬರ್‌ನಲ್ಲಿ ಮಾಡಿಕೊಳ್ಳಲಾಯಿತು; ಅದು ಒಟ್ಟು ಆಮದಿನ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. "ಮಂಗಳೂರು, ಪಾದೂರಿನಲ್ಲಿ ನೆಲದಡಿ ಭಾರೀ ದಾಸ್ತಾನು ಇದೆಯಲ್ಲ" ಎಂದು ಕೆಲವರು ಕೇಳುತ್ತಾರೆ. ಇದೆ, ಆದರೆ ಮಂಗಳೂರಿನ 15 ಲಕ್ಷ ಟನ್ ಮತ್ತು ಪಾದೂರಿನ 25 ಲಕ್ಷ ಟನ್ ಸಾಮರ್ಥ್ಯದ ಆ ಸಂಗ್ರಹಾಗಾರಗಳು ಕಚ್ಚಾ ತೈಲಕ್ಕಾಗಿ ಕಟ್ಟಿದವು. ಎಲ್‌ಪಿಜಿಗೆಂದು ಮಂಗಳೂರಿನಲ್ಲಿ ನಿರ್ಮಿಸಿದ ಪ್ರತ್ಯೇಕ ಭೂಗತ ಸಂಗ್ರಹದ ಸಾಮರ್ಥ್ಯ 80,000 ಟನ್. ಇಡೀ ದೇಶದ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಒಂದು ದಿನದ ಬಳಕೆ. ಒತ್ತಡದಲ್ಲೇ ಇಡಬೇಕಾದ ಅನಿಲವನ್ನು ಎಣ್ಣೆಯಂತೆ ತಿಂಗಳುಗಟ್ಟಲೆ ಕೂಡಿಡುವುದು ದುಬಾರಿ ಕೆಲಸ. ಆದ್ದರಿಂದಲೇ ಪೆಟ್ರೋಲಿಗಿಂತ ಮೊದಲು ಅಡುಗೆ ಅನಿಲದ ಪೂರೈಕೆಯಲ್ಲಿ ಬಿಗಿತ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಬೆಲೆಯ ಸಂಗತಿ ಸ್ವಲ್ಪ ಬೇರೆ. ಸೌದಿಯ ಅರಾಮ್ಕೊ ಕಂಪನಿ ಪ್ರತಿ ತಿಂಗಳು ಪ್ರಕಟಿಸುವ ಪ್ರೊಪೇನ್, ಬ್ಯುಟೇನ್ (ಎಲ್‌ಪಿಜಿಯಲ್ಲಿ ಬೆರೆತಿರುವ ಎರಡು ಅನಿಲಗಳು) ದರಗಳೇ ನಮ್ಮ ಲೆಕ್ಕಕ್ಕೂ ಆಧಾರ. ಹೋಟೆಲುಗಳು ಬಳಸುವ 19 ಕೆ.ಜಿ. ಸಿಲಿಂಡರಿನ ಬೆಲೆ ಸಾಮಾನ್ಯವಾಗಿ ಪ್ರತಿ ತಿಂಗಳ ಮೊದಲ ದಿನ ಅದರ ಜೊತೆಗೆ ಏರಿಳಿಯುತ್ತದೆ, ಆದರೆ ಮನೆಯ 14.2 ಕೆ.ಜಿ. ಸಿಲಿಂಡರಿನ ಬೆಲೆಯನ್ನು ಸರ್ಕಾರ ಮತ್ತು ತೈಲ ಕಂಪನಿಗಳು ತಡೆಹಿಡಿಯುತ್ತವೆ. ಆ ನಷ್ಟವನ್ನು ತುಂಬಿಕೊಡಲು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ 22,000 ಕೋಟಿ ರೂಪಾಯಿಯನ್ನೂ 2025ರ ಆಗಸ್ಟ್‌ನಲ್ಲಿ 30,000 ಕೋಟಿಯನ್ನೂ ಮಂಜೂರು ಮಾಡಿತು. ಹಾಗಾಗಿ ನಿಮ್ಮ ಬೀದಿಯ ದರ್ಶಿನಿಯಲ್ಲಿ ಇಡ್ಲಿ-ವಡೆಯ ದರ ಏರಿದ ತಿಂಗಳಲ್ಲೇ ನಿಮ್ಮ ಸಿಲಿಂಡರಿನ ದರ ಏರಲೇಬೇಕೆಂದಿಲ್ಲ. ಅದು ತಡವಾಗಿ, ಒಮ್ಮೆಗೇ ಏರುವುದುಂಟು.

ಇನ್ನು ಏಜೆನ್ಸಿಯ ಮುಂದಿನ ಸರತಿ ಸಾಲು. ಹತ್ತು ಸಾವಿರ ಸಂಪರ್ಕಗಳಿರುವ ಒಂದು ಏಜೆನ್ಸಿಯನ್ನು ಊಹಿಸಿಕೊಳ್ಳಿ. ಒಂದು ಸಿಲಿಂಡರ್ 40 ದಿನ ಬರುವುದಾದರೆ ಅಲ್ಲಿಗೆ ದಿನಕ್ಕೆ 250 ಸಿಲಿಂಡರ್ ಸಾಕು. ಸುದ್ದಿ ಕೇಳಿದ ಮೂರು ಸಾವಿರ ಮನೆಯವರು ಒಂದೇ ವಾರದಲ್ಲಿ ಅವಧಿಗೆ ಮುನ್ನ ಬುಕ್ ಮಾಡಿದರೆ ಹನ್ನೆರಡು ದಿನದ ಸರಕು ಹೆಚ್ಚುವರಿಯಾಗಿ ಬೇಕಾಗುತ್ತದೆ. ಹಡಗು ಸಕಾಲಕ್ಕೆ ಬಂದಿದ್ದರೂ ಅಲ್ಲಿ ಕೊರತೆ ಉಂಟಾಗುತ್ತದೆ, ಅದರ ಮೊದಲ ಪೆಟ್ಟು ಒಂದೇ ಸಿಲಿಂಡರ್ ಇರುವ ಮನೆಗೆ ಬೀಳುತ್ತದೆ. ಗೃಹಬಳಕೆಯ ಒಂದು ಸಂಪರ್ಕಕ್ಕೆ ಎರಡೇ ಸಿಲಿಂಡರ್ ಎಂಬ ಮಿತಿ ಇದೆ. ಒಂದು ಮುಗಿದು ಇನ್ನೊಂದನ್ನು ಜೋಡಿಸಿದ ದಿನವೇ ಬುಕ್ ಮಾಡುವ ರೂಢಿ ಇಟ್ಟುಕೊಂಡರೆ ಸುಮಾರು ಒಂದು ತಿಂಗಳ ಬಿಡುವು ತಾನಾಗಿಯೇ ಸಿಗುತ್ತದೆ. ಕಾಳಸಂತೆಯ ಮೂರನೆಯ ಸಿಲಿಂಡರ್ ಅದಕ್ಕೆ ಹೆಚ್ಚೇನನ್ನೂ ಸೇರಿಸುವುದಿಲ್ಲ, ಅಪಾಯವನ್ನು ಮಾತ್ರ ಸೇರಿಸುತ್ತದೆ.

ಗಡಿಬಿಡಿಯಲ್ಲಿ ಬಂದ ಸಿಲಿಂಡರನ್ನು ಪರೀಕ್ಷಿಸದೆ ಒಳಗೆ ತೆಗೆದುಕೊಳ್ಳಬೇಡಿ. ಮೇಲ್ಭಾಗದ ಹಿಡಿಯನ್ನು ಹೊತ್ತ ಲೋಹದ ಪಟ್ಟಿಗಳ ಒಳಮೈಯಲ್ಲಿ ಇಂಗ್ಲಿಷಿನ ಒಂದು ಅಕ್ಷರವೂ ಎರಡು ಅಂಕಿಗಳೂ ಬರೆದಿರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್. ಸಿ ಮತ್ತು ಡಿ ಹೀಗೆಯೇ ಮುಂದಿನ ತ್ರೈಮಾಸಿಕಗಳು. "ಬಿ-27" ಎಂದಿದ್ದರೆ 2027ರ ಜೂನ್ ಒಳಗೆ ಅದನ್ನು ಮರುಪರೀಕ್ಷೆಗೆ ಕಳುಹಿಸಬೇಕು ಎಂದರ್ಥ. ಅವಧಿ ದಾಟಿದ್ದರೆ ವಾಪಸು ಕಳುಹಿಸಿ. ಖಾಲಿ ಸಿಲಿಂಡರಿನ ತೂಕವನ್ನೂ ಅದರ ಮೇಲೆಯೇ ಬರೆದಿರುತ್ತಾರೆ, ಅದಕ್ಕೆ 14.2 ಸೇರಿಸಿದಷ್ಟು ತಕ್ಕಡಿಯಲ್ಲಿ ಬರಬೇಕು. ಈ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಎರಡನೆಯ ಸಿಲಿಂಡರನ್ನು ನೆಲಮಾಳಿಗೆಯಲ್ಲಾಗಲಿ ಮಂಚದಡಿಯಲ್ಲಾಗಲಿ ಇಡದೆ, ಗಾಳಿಯಾಡುವ ಕಡೆ ನೇರವಾಗಿ ನಿಲ್ಲಿಸಬೇಕು. ಸೋರಿಕೆಯ ದೂರಿಗೆ 1906 ಸಂಖ್ಯೆಗೆ ಕರೆ ಮಾಡಬಹುದು.

ಇಂಡಕ್ಷನ್ ಒಲೆಗೆ ಬರೋಣ. ಒಂದು ಸಿಲಿಂಡರ್ ಮಾಡುವ ಅಡುಗೆಯನ್ನು ಇಂಡಕ್ಷನ್ ಒಲೆಯಲ್ಲಿ ಮಾಡಲು, ಎರಡೂ ಒಲೆಗಳಲ್ಲಿ ವ್ಯರ್ಥವಾಗುವ ಶಾಖವನ್ನು ಲೆಕ್ಕಕ್ಕೆ ಹಿಡಿದು, ಸುಮಾರು 135 ಯೂನಿಟ್ ವಿದ್ಯುತ್ ಬೇಕು. ತೆರಿಗೆ, ಸರ್‌ಚಾರ್ಜ್ ಸೇರಿ ಯೂನಿಟ್ಟಿಗೆ ಆರೂವರೆ ರೂಪಾಯಿ ಎಂದುಕೊಂಡರೆ 880 ರೂಪಾಯಿಯ ಆಸುಪಾಸು. ಬೆಂಗಳೂರಿನಲ್ಲಿ ಸಿಲಿಂಡರಿಗೆ 2023ರ ಮಾರ್ಚ್‌ನಲ್ಲಿ 1,105.50 ರೂಪಾಯಿ ಇತ್ತು, 2025ರ ಏಪ್ರಿಲ್‌ನಲ್ಲಿ 855.50. ಎಂದರೆ ಮೊದಲ ದರದಲ್ಲಿ ಇಂಡಕ್ಷನ್ ಅಗ್ಗ, ಎರಡನೆಯದರಲ್ಲಿ ಗ್ಯಾಸ್ ತುಸು ಅಗ್ಗ. ನಿಮ್ಮ ಊರಿನ ಇಂದಿನ ದರವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಗೃಹಜ್ಯೋತಿ ಯೋಜನೆಯಡಿ ಇರುವ ಮನೆಗಳಲ್ಲಿ ಈ ಲೆಕ್ಕ ಪೂರ್ತಿ ಬದಲಾಗುತ್ತದೆ, ಹಲವರು ಎಡವುವುದೂ ಇಲ್ಲೇ. ಹಿಂದಿನ ಬಳಕೆಯ ಸರಾಸರಿಗೆ ಸ್ವಲ್ಪ ಸೇರಿಸಿ ನಿಗದಿಪಡಿಸಿದ ಮಿತಿಯನ್ನು ಮೀರಿದರೆ ಹೆಚ್ಚಿನ ಯೂನಿಟ್‌ಗಳಿಗೆ ಮಾತ್ರ ಹಣ ಕಟ್ಟಬೇಕು, ಆದರೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ತಿಂಗಳಿಗೆ 120 ಯೂನಿಟ್ ಬಳಸುವ, ಒಂದು ಸಿಲಿಂಡರನ್ನು 45 ದಿನ ಬಳಸುವ ಮನೆ ಅಡುಗೆಯನ್ನೆಲ್ಲ ಇಂಡಕ್ಷನ್‌ಗೆ ಬದಲಿಸಿದರೆ 90 ಯೂನಿಟ್ ಕೂಡಿ 210 ಆಗುತ್ತದೆ. ಬರೀ ಹತ್ತು ಯೂನಿಟ್‌ಗಾಗಿ ಇಡೀ ಬಿಲ್ ತಲೆಯ ಮೇಲೆ ಬೀಳುತ್ತದೆ. ಅದೇ ಮನೆ ಅರ್ಧ ಅಡುಗೆಯನ್ನಷ್ಟೇ ಬದಲಿಸಿದರೆ ಬಳಕೆ 165ಕ್ಕೆ ನಿಲ್ಲುತ್ತದೆ.

ಒಲೆ ಎಳೆಯುವುದು 1,800ರಿಂದ 2,000 ವಾಟ್. ಮಿಕ್ಸಿಗೆ ಬಳಸುವ 6 ಆಂಪಿಯರ್ ಪ್ಲಗ್ ಇದನ್ನು ತಾಳದು, 16 ಆಂಪಿಯರಿನ ಪವರ್ ಪ್ಲಗ್ ಬೇಕು. ಹಳೆಯ ಮನೆಯಾದರೆ ವೈರಿಂಗನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿಯೇ ಮುಂದುವರಿಯಿರಿ. ಮನೆಗಳಲ್ಲಿ ಸಾಮಾನ್ಯವಾಗಿರುವ ಇನ್ವರ್ಟರ್ ಇದನ್ನು ನಡೆಸಲಾರದು. ಮಳೆ ಕೈಕೊಟ್ಟ 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ವಿದ್ಯುತ್ತಿಗೇ ಅಭಾವ ಉಂಟಾಗಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ ಗ್ಯಾಸ್ ಸಂಪರ್ಕವನ್ನು ಬಿಟ್ಟುಕೊಡುವ ಯೋಚನೆ ಬಾರದು. ಅಲ್ಯೂಮಿನಿಯಂ ಕುಕ್ಕರ್ ಈ ಒಲೆಯ ಮೇಲೆ ಬಿಸಿಯಾಗುವುದಿಲ್ಲ, ತಳಕ್ಕೆ ಅಯಸ್ಕಾಂತ ಅಂಟುವ ಪಾತ್ರೆಯೇ ಆಗಬೇಕು. ಮುದ್ದೆ ತೊಳಸುವುದಕ್ಕಂತೂ ಗಾಜಿನ ಹಾಸಿನ ಆ ಒಲೆ ಹೇಳಿಮಾಡಿಸಿದ್ದಲ್ಲ. ಅನ್ನ, ಬೇಳೆ, ಹಾಲು, ಕಾಫಿ ಅದರ ಪಾಲಿಗೆ. ಮುದ್ದೆ, ರೊಟ್ಟಿ, ಒಗ್ಗರಣೆ ಗ್ಯಾಸಿನ ಪಾಲಿಗೆ ಎಂದು ಹಂಚಿಕೊಂಡರೆ ಮೇಲೆ ಹೇಳಿದ ಅರ್ಧದ ಲೆಕ್ಕಕ್ಕೆ ಅದು ಸರಿಸುಮಾರು ಹೊಂದುತ್ತದೆ. ಹುರುಳಿ, ಕಡಲೆಯನ್ನು ರಾತ್ರಿಯೇ ನೆನೆಹಾಕುವುದು, ಸ್ನಾನದ ನೀರನ್ನು ಗ್ಯಾಸಿನ ಮೇಲೆ ಕಾಯಿಸದಿರುವುದು, ಇವುಗಳಿಂದಲೂ ಸಿಲಿಂಡರ್ ಕೆಲವು ದಿನ ಹೆಚ್ಚು ಬರುತ್ತದೆ. ದನಕರುಗಳಿರುವ ಮನೆಗೆ ಗೋಬರ್ ಗ್ಯಾಸ್ ಇವೆಲ್ಲಕ್ಕಿಂತ ಗಟ್ಟಿಯಾದ ಎರಡನೆಯ ದಾರಿ. ಶಿರಸಿ, ಸಿದ್ದಾಪುರದ ಕಡೆ ಅದು ದಶಕಗಳಿಂದ ನಡೆದುಬಂದಿದೆ. ಬೆಂಗಳೂರಿನಲ್ಲಿ ಕೊಳವೆ ಅನಿಲ ಇರುವವರು ಬುಕಿಂಗ್ ಗೋಜಿನಿಂದ ಪಾರಾದರೂ ಆಮದಿನ ಹಂಗಿನಿಂದ ಪಾರಾಗಿಲ್ಲ, ಏಕೆಂದರೆ ದೇಶ ಬಳಸುವ ನೈಸರ್ಗಿಕ ಅನಿಲದ ಸುಮಾರು ಅರ್ಧ ಭಾಗವೂ ಹಡಗಿನಲ್ಲೇ ಬರುತ್ತದೆ. ಒಂದು ಇಂಡಕ್ಷನ್ ಒಲೆ ಅವರ ಮನೆಯಲ್ಲೂ ಇರಲಿ.