ರೈಲು ಕಂಪನಿ ಮಾರಿದ ನಿಶ್ಶಬ್ದ

ಲಂಡನ್ನಿನ ವಾಯವ್ಯ ಮೂಲೆಯಲ್ಲಿರುವ ರೇನರ್ಸ್ ಲೇನ್‌ನಲ್ಲಿ ಬಾಡಿಗೆಗೆ ಮನೆ ಹಿಡಿದ ಮೊದಲ ವಾರ. ಭಾನುವಾರ ಬೆಳಗ್ಗೆ ಬೇಳೆಗೆ ಕುಕ್ಕರ್ ಇಟ್ಟಿದ್ದೆ. ಮೂರನೇ ವಿಷಲ್ ಕೂಗುವ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಬೈಯಲು ಬಂದಿದ್ದಾರೆ ಅಂದುಕೊಂಡೆ. ಪಾಪ, "ಎಲ್ಲ ಸರಿ ಇದೆ ತಾನೆ? ಏನೋ ಅಲಾರಂ ಹೊಡೀತಿದೆಯಲ್ಲ" ಅಂತ ಕೇಳಲು ಬಂದಿದ್ದರು. ಕುಕ್ಕರ್ ತೋರಿಸಿದೆ. ನಕ್ಕು ಹೋದರು.

ಆ ಬೀದಿಯಲ್ಲಿ ಒಂದು ಕುಕ್ಕರ್ ಸದ್ದೂ ಸುದ್ದಿಯೇ. ಸಂಜೆ ಏಳಾದರೆ ಹೊರಗೆ ನರಪಿಳ್ಳೆ ಇರುವುದಿಲ್ಲ. ಎರಡೆರಡು ಮನೆ ಒಂದೇ ಗೋಡೆಯ ಆಚೆ ಈಚೆ ಅಂಟಿಕೊಂಡಿರುತ್ತವೆ. ಇವನ್ನು 'ಸೆಮಿ' ಅನ್ನುತ್ತಾರೆ. ಪಕ್ಕದವರು ಮೆಟ್ಟಿಲು ಹತ್ತಿದರೆ ನಮಗೆ ಕೇಳುತ್ತದೆ, ಆದರೆ ಅವರ ಮುಖ ನೋಡಿ ವಾರವಾಗಿರುತ್ತದೆ. ಮುಂದೆ ಹೊಟ್ಟೆ ಉಬ್ಬಿಸಿಕೊಂಡ ಹಾಗೆ ಒಂದು ಕಿಟಕಿ. ಸೂರಿನ ಕೆಳಗೆ ಬಿಳಿ ಗೋಡೆಯ ಮೇಲೆ ಕಪ್ಪು ಮರದ ಪಟ್ಟಿಗಳು. ದೂರದಿಂದ ನೋಡಿದರೆ ನಾನ್ನೂರು ವರ್ಷ ಹಳೆಯ ಹಳ್ಳಿಮನೆ ಅನ್ನಿಸಬೇಕು. ಆದರೆ ಆ ಪಟ್ಟಿ ಯಾವ ಭಾರವನ್ನೂ ಹೊರುವುದಿಲ್ಲ, ಸುಮ್ನೆ ಚೆಂದಕ್ಕೆ ಹೊಡೆದದ್ದು. ಮನೆ ಕಟ್ಟಿದ್ದು 1930ರ ದಶಕದಲ್ಲಿ.

ಇಂಗ್ಲಿಷರ ಸ್ವಭಾವವೇ ಹೀಗೆ, ಅದಕ್ಕೆ ಬೀದಿ ಇಷ್ಟು ತಣ್ಣಗಿದೆ ಅಂತ ನಾನೂ ನಂಬಿದ್ದೆ. ಆಮೇಲೆ ಗೊತ್ತಾಯಿತು, ಈ ಮೌನವನ್ನು ಒಂದು ರೈಲು ಕಂಪನಿ ಜಾಹೀರಾತು ಕೊಟ್ಟು ಮಾರಿತ್ತು.

ಆ ಕಂಪನಿ ಮೆಟ್ರೊಪಾಲಿಟನ್ ರೈಲ್ವೆ. ಜಗತ್ತಿನ ಮೊದಲ ನೆಲದಡಿಯ ರೈಲನ್ನು 1863ರ ಜನವರಿ 10ರಂದು ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ವರೆಗೆ ಓಡಿಸಿದ್ದು ಇವರೇ. ಸುರಂಗದೊಳಗೆ ಉಗಿ ಎಂಜಿನ್, ಹೊಗೆ, ಮಸಿ. ಆಮೇಲೆ ಹಳಿ ಊರಾಚೆಗೆ ಬೆಳೆಯಿತು. 1880ಕ್ಕೆ ಹ್ಯಾರೋ, 1885ಕ್ಕೆ ಪಿನ್ನರ್. ಆದರೆ ಅಲ್ಲೆಲ್ಲ ಹೊಲ, ಹುಲ್ಲುಗಾವಲು. ಹತ್ತುವವರು ಯಾರು? ಕಂಪನಿಯ ಚೇರ್ಮನ್ ಎಡ್ವರ್ಡ್ ವಾಟ್ಕಿನ್ ಜನರನ್ನು ಸೆಳೆಯಲು ವೆಂಬ್ಲಿಯಲ್ಲಿ ಐಫೆಲ್ ಟವರ್‌ಗಿಂತ ಎತ್ತರದ ಗೋಪುರ ಕಟ್ಟಲು ಹೊರಟರು. ಅದು ಮೊದಲ ಹಂತಕ್ಕೇ ನಿಂತುಹೋಯಿತು, 1907ರಲ್ಲಿ ಕೆಡವಿದರು. ಈಗ ಅದೇ ಜಾಗದಲ್ಲಿ ವೆಂಬ್ಲಿ ಸ್ಟೇಡಿಯಂ ಇದೆ.

ಗೋಪುರ ಕೈಕೊಟ್ಟರೂ ನೆಲ ಕೈಬಿಡಲಿಲ್ಲ. ಹಳಿ ಹಾಕಿ ಉಳಿದ ಜಮೀನನ್ನು ಬೇರೆ ರೈಲು ಕಂಪನಿಗಳು ಮಾರಿಬಿಡಬೇಕಿತ್ತು. ಮೆಟ್ರೊಪಾಲಿಟನ್‌ಗೆ ಮಾತ್ರ ಅದನ್ನು ಇಟ್ಟುಕೊಂಡು ಮನೆ ಕಟ್ಟಿಸುವ ವಿಶೇಷ ಅನುಮತಿ ಇತ್ತು. 1915ರಲ್ಲಿ ಕಂಪನಿಯ ಪ್ರಚಾರ ವಿಭಾಗ ಒಂದು ಹೆಸರು ಹುಟ್ಟಿಸಿತು: 'ಮೆಟ್ರೊಲ್ಯಾಂಡ್'. ಆ ಹೆಸರಿನ ಬಣ್ಣದ ಕೈಪಿಡಿ 1932ರವರೆಗೆ ವರ್ಷ ವರ್ಷ ಬಂತು. 1919ರಲ್ಲಿ ಮನೆ ವ್ಯವಹಾರಕ್ಕೇ ಬೇರೆ ಕಂಪನಿ ತೆರೆದರು. ಇವರು ಮಾರುತ್ತಿದ್ದದ್ದು ಮನೆ, ಟಿಕೆಟ್ ಎರಡನ್ನೂ. ಮನೆ ಒಂದು ಸಲ, ಟಿಕೆಟ್ ದಿನಾ. ವ್ಯಾಪಾರ ಅಂದರೆ ಇದು ಅಲ್ವಾ?

ಮೌನದ ನೀಲನಕ್ಷೆ ಮಾತ್ರ ಬೇರೆ ಕಡೆಯಿಂದ ಬಂತು. ಹೆನ್ರಿಯೆಟಾ ಬಾರ್ನೆಟ್ ಅನ್ನುವ ಸಮಾಜ ಸೇವಕಿ 1907ರಲ್ಲಿ ಉತ್ತರ ಲಂಡನ್ನಿನಲ್ಲಿ ಹ್ಯಾಂಪ್‌ಸ್ಟೆಡ್ ಗಾರ್ಡನ್ ಸಬರ್ಬ್ ಅನ್ನುವ ಬಡಾವಣೆ ಕಟ್ಟಲು ಶುರು ಮಾಡಿದರು. ಎಕರೆಗೆ ಎಂಟಕ್ಕಿಂತ ಜಾಸ್ತಿ ಮನೆ ಕೂಡದು. ಮನೆಗಳ ನಡುವೆ ಕಾಂಪೌಂಡ್ ಗೋಡೆ ಬೇಡ, ಗಿಡಬೇಲಿ ಸಾಕು. ಗದ್ದಲ ಬೇಡ, ಚರ್ಚಿನ ಗಂಟೆಯ ಸದ್ದೂ ಬೇಡ. ಪಬ್ಬೂ ಇಲ್ಲ. ಆಗಿನ ಕಟ್ಟಡ ನಿಯಮಗಳು ತುದಿ ಮುಚ್ಚಿದ ರಸ್ತೆಗಳಿಗೆ ಅವಕಾಶ ಕೊಡುತ್ತಿರಲಿಲ್ಲ. ಇವರಿಗಾಗಿ 1906ರಲ್ಲಿ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಕಾಯ್ದೆಯೇ ಆಯಿತು. ಆಚೆ ಹೋಗಲು ದಾರಿಯೇ ಇಲ್ಲದ ರಸ್ತೆಗೆ ಅಲ್ಲಿ ಮನೆ ಇದ್ದವರು ಬಿಟ್ಟು ಇನ್ಯಾರು ಬರುತ್ತಾರೆ? ಬಡವ ಬಲ್ಲಿದ ಒಟ್ಟಿಗೆ ಬಾಳಬೇಕು ಅನ್ನುವುದು ಬಾರ್ನೆಟ್ ಅವರ ಆಸೆ. ಈಗ ಅಲ್ಲಿ ಮನೆ ಕೊಳ್ಳಲು ಕೋಟ್ಯಧೀಶರೇ ಆಗಬೇಕು.

ಮೊದಲ ಮಹಾಯುದ್ಧ ಮುಗಿದ ಮೇಲೆ ಎಲ್ಲರಿಗೂ ಇಂಥ ಮನೆ ಬೇಕಾಯಿತು. 1932ರಲ್ಲಿ ಬ್ಯಾಂಕ್ ಬಡ್ಡಿ ದರ 2 ಪರ್ಸೆಂಟಿಗೆ ಇಳಿಯಿತು, ಸಾಲ ಅಗ್ಗವಾಯಿತು. ಸಾವಿರ ಪೌಂಡಿಗಿಂತ ಕಡಿಮೆಗೆ ಹೊಸ ಸೆಮಿ ಸಿಗುತ್ತಿತ್ತು. ಗುಮಾಸ್ತ, ಮೇಷ್ಟ್ರು, ಅಂಗಡಿ ಮ್ಯಾನೇಜರ್ ಎಲ್ಲರೂ ಸ್ವಂತ ಮನೆ ಮಾಡಿಕೊಂಡರು. ಎರಡು ಮಹಾಯುದ್ಧಗಳ ನಡುವೆ ದೇಶದಲ್ಲಿ ಎದ್ದ ಮನೆಗಳು ಸುಮಾರು 40 ಲಕ್ಷ.

ರೇನರ್ಸ್ ಲೇನ್ ಕಥೆ ಕೇಳಿ. 1906ರಲ್ಲಿ ಇಲ್ಲಿ ರೈಲು ನಿಲ್ಲಲು ಶುರುವಾದಾಗ ಸುತ್ತ ಬರೀ ಹೊಲ. ಗಾಳಿ ಹೊಡೆತ ಎಷ್ಟಿತ್ತು ಅಂದರೆ ಜನ ಇದನ್ನು 'ನ್ಯುಮೋನಿಯಾ ಜಂಕ್ಷನ್' ಅನ್ನುತ್ತಿದ್ದರು. 1930ರಲ್ಲಿ ಇಡೀ ವರ್ಷಕ್ಕೆ 22,000 ಪ್ರಯಾಣಿಕರು. ಹ್ಯಾರೋ ಗಾರ್ಡನ್ ವಿಲೇಜ್ ಅಂತ ರೈಲು ಕಂಪನಿಯವರೇ ಬಡಾವಣೆ ಎಬ್ಬಿಸಿದರು. 1937ಕ್ಕೆ ಪ್ರಯಾಣಿಕರ ಲೆಕ್ಕ 40 ಲಕ್ಷ! ಏಳೇ ವರ್ಷ. ಬಡಾವಣೆಯ ಹೆಸರಲ್ಲಿ ಹಳ್ಳಿ ಇತ್ತು, ಹಳ್ಳಿ ಮಾತ್ರ ಅದರಡಿ ಮಾಯವಾಗಿತ್ತು.

ಗಂಡಸರು ಬೆಳಗಿನ ರೈಲು ಹತ್ತಿ ಹೋದ ಮೇಲೆ ಈ ಮೌನ ಯಾರ ಪಾಲಿಗೆ ಬರುತ್ತಿತ್ತು? ಕೈಪಿಡಿಯ ಚಿತ್ರಗಳು ಇದನ್ನು ಹೇಳುವುದಿಲ್ಲ. 1938ರಲ್ಲಿ ಸ್ಟೀಫನ್ ಟೇಲರ್ ಅನ್ನುವ ಯುವ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಹೊಸ ಬಡಾವಣೆಯ ಗೃಹಿಣಿಯರು ತಲೆನೋವು, ಬೆನ್ನುನೋವು, ನಿದ್ದೆ ಇಲ್ಲ ಅಂತ ಬರುತ್ತಾರೆ, ದೇಹದಲ್ಲಿ ರೋಗ ಕಾಣುವುದಿಲ್ಲ. ಒಂಟಿತನ, ಬೇಸರ, ಸಾಲದ ಚಿಂತೆ. ಅದಕ್ಕೆ ಅವರು 'ಸಬರ್ಬನ್ ನ್ಯೂರೋಸಿಸ್' ಅಂತ ಹೆಸರಿಟ್ಟರು. ಅವರ ಬರಹದಲ್ಲಿ ಹೆಂಗಸರ ಬಗ್ಗೆ ಸ್ವಲ್ಪ ಉಡಾಫೆ ಇದೆ, ನಿಜ. ಆದರೂ ವೀಸಾ ಮೇಲೆ ಗಂಡನ ಜೊತೆ ಬಂದು ಹಗಲೆಲ್ಲ ಒಬ್ಬರೇ ಕೂರುವ ನಮ್ಮ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಅವರ ತಲೆನೋವಿಗೂ ಮಾತ್ರೆ ಕೆಲಸ ಮಾಡುವುದಿಲ್ಲ.

ಮೌನ ಕೊಂಡವರಿಗೆ ಅದು ಕೈತಪ್ಪುವ ಭಯವೂ ಇತ್ತು. ಆಕ್ಸ್‌ಫರ್ಡ್‌ನ ಕಟ್ಸ್‌ಲೋದಲ್ಲಿ ಸ್ವಂತ ಮನೆಗಳ ಬಡಾವಣೆಯ ಪಕ್ಕಕ್ಕೇ ಕೌನ್ಸಿಲ್‌ನ, ಅಂದರೆ ಅಲ್ಲಿನ ನಗರಾಡಳಿತದ, ಬಾಡಿಗೆ ಮನೆಗಳು ಬಂದವು. 1934ರಲ್ಲಿ ಬಿಲ್ಡರ್ ರಸ್ತೆಗೆ ಅಡ್ಡವಾಗಿಯೇ ಆಳೆತ್ತರ ಮೀರಿದ ಗೋಡೆ ಕಟ್ಟಿಸಿ ಮೇಲೆ ಕಬ್ಬಿಣದ ಮೊಳೆ ನೆಡಿಸಿದ. ಆಚೆಯವರು ಸುತ್ತು ಹೊಡೆದೇ ಹೋಗಬೇಕು. ಗೋಡೆ ಪೂರ್ತಿ ಬಿದ್ದದ್ದು 1959ರಲ್ಲಿ.

ಇನ್ನು ಬೇಲಿಯ ಮಾತು. ಹೀಗೇ ಬಿಟ್ಟರೆ ಇಂಗ್ಲೆಂಡೆಲ್ಲ ಸೆಮಿಯೇ ಆಗುತ್ತದೆ ಅಂತ 1938ರಲ್ಲಿ ಗ್ರೀನ್ ಬೆಲ್ಟ್ ಕಾಯ್ದೆ ಬಂತು. ಲಂಡನ್ ಸುತ್ತ ಮನೆ ಕಟ್ಟದೆ ಹಸಿರಾಗಿಯೇ ಉಳಿಸುವ ನೆಲದ ಪಟ್ಟಿ, ಊರಿಗೇ ಹಾಕಿದ ಬೇಲಿ. 1947ರ ಯೋಜನಾ ಕಾಯ್ದೆ ಅದಕ್ಕೆ ಬಲ ಕೊಟ್ಟಿತು. ಹ್ಯಾರೋದ ಉತ್ತರದ ಅಂಚಿನಲ್ಲಿ ಇವತ್ತಿಗೂ ಮನೆಗಳ ಸಾಲು ಥಟ್ಟನೆ ಮುಗಿದು ಹೊಲ ಶುರುವಾಗುತ್ತದೆ. ಬೇಲಿಯೊಳಗೆ ಮೊದಲೇ ಮನೆ ಮಾಡಿಕೊಂಡವರಿಗೆ ಲಾಟರಿ ಹೊಡೆಯಿತು.

ಬೇಲಿಯೊಳಗಿನ ಜನ ಮಾತ್ರ ಬದಲಾದರು. 1972ರಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿನ ಏಷ್ಯನ್ನರಿಗೆ ದೇಶ ಬಿಡಲು 90 ದಿನ ಗಡುವು ಕೊಟ್ಟ. ಬ್ರಿಟನ್ನಿಗೆ ಬಂದ ಸುಮಾರು 28,000 ಮಂದಿಯಲ್ಲಿ ಎಷ್ಟೋ ಗುಜರಾತಿ ಕುಟುಂಬಗಳು ವೆಂಬ್ಲಿ, ಹ್ಯಾರೋ ಕಡೆ ನೆಲೆ ನಿಂತವು. ರೇನರ್ಸ್ ಲೇನ್ ಸ್ಟೇಷನ್ ಹತ್ತಿರ 1936ರ ಸಿನಿಮಾ ಮಂದಿರವೊಂದಿದೆ, ಮುಂಭಾಗದಲ್ಲಿ ಆನೆ ಸೊಂಡಿಲಿನ ಹಾಗೆ ಬಾಗಿದ ಕಾಂಕ್ರೀಟು. ಈಗ ಅದು ಪಾರ್ಸಿಗಳ ಕೇಂದ್ರ. ನಮ್ಮ ಐಟಿ ಜನ ಬಂದದ್ದು ತೀರಾ ಈಚೆಗೆ. ಎಲ್ಲರೂ ಹುಡುಕಿದ್ದು ಒಂದನ್ನೇ: ಒಳ್ಳೆ ಸ್ಕೂಲಿಗೆ ಹತ್ತಿರದ ಮನೆ. ಸೀಟು ಸಿಗುವುದು ಎಷ್ಟೋ ಕಡೆ ಮನೆಯಿಂದ ಶಾಲೆಗಿರುವ ದೂರ ಅಳೆದು.

ಈಗ ಮೌನ ಕಾಯುವುದು ಕಾನೂನು. ಪಕ್ಕದವರ ಗಿಡಬೇಲಿ ಎರಡು ಮೀಟರ್ ಮೀರಿ ಬೆಳಕು ಮರೆಯಾದರೆ ಕೌನ್ಸಿಲ್‌ಗೆ ದೂರು ಕೊಡಬಹುದು. ರಾತ್ರಿ 11ರ ಮೇಲೆ ಪಟಾಕಿ ಹೊಡೆಯುವಂತಿಲ್ಲ, ದೀಪಾವಳಿ, ಹೊಸ ವರ್ಷದಂಥ ಕೆಲವು ದಿನ ರಾತ್ರಿ ಒಂದರವರೆಗೆ ಬಿಡುತ್ತಾರೆ. ಕಾರಿಗಾಗಿ ಮುಂದಿನ ತೋಟಕ್ಕೆ ನೀರು ಇಂಗದ ಕಾಂಕ್ರೀಟು ಬಳಿಯಬೇಕಾದರೆ, ಜಾಗ ಐದು ಚದರ ಮೀಟರ್ ದಾಟಿದರೆ, 2008ರಿಂದ ಅನುಮತಿ ಬೇಕು. ಆದರೂ ಗುಲಾಬಿ ಗಿಡ ಇದ್ದ ಜಾಗದಲ್ಲೆಲ್ಲ ಎರಡೆರಡು ಕಾರು ನಿಂತಿವೆ.

ತಮಾಷೆ ನೋಡಿ, ಆ ಹಳೆ ರೈಲು ಕಂಪನಿಯ ವಾರಸುದಾರ ಸಂಸ್ಥೆ ಈಗ ಸ್ಟೇಷನ್ ಪಕ್ಕದ ಕಾರ್ ಪಾರ್ಕಿಂಗ್‌ಗಳಲ್ಲಿ ಫ್ಲ್ಯಾಟ್ ಕಟ್ಟಲು ಹೊರಟಿದೆ. ಮತ್ತೆ ಅದೇ ಲೆಕ್ಕ, ಹಳಿ ಪಕ್ಕದ ಜಾಗ. ಈ ಸಲ ಬೀದಿಯವರೇ ಎದುರು ನಿಂತಿದ್ದಾರೆ.

ಅಜ್ಜಿ ಎರಡನೇ ಸಲ ನಮ್ಮ ಬಾಗಿಲು ತಟ್ಟಿದ್ದು ಅದಕ್ಕೇ. ಕೈಯಲ್ಲಿ ಒಂದು ಕಾಗದ, ಸಹಿಗಳು ತುಂಬಿದ್ದವು. ನಮ್ಮ ಬೀದಿಯ ಗುಜರಾತಿ ಪಟೇಲರದ್ದೂ ಇತ್ತು. "ಏಳೆಂಟು ಮಹಡಿ ಎದ್ದರೆ ಈ ಬೀದಿ ಹೀಗೇ ಇರುತ್ತಾ ನೀವೇ ಹೇಳಿ" ಅಂದರು. ನಾನು ಬಾಡಿಗೆಯವನು. ಅಲ್ಲಿ ಫ್ಲ್ಯಾಟ್ ಬಂದರೆ ಒಂದಕ್ಕೆ ಅರ್ಜಿ ಹಾಕಬೇಕು ಅಂತ ಹಿಂದಿನ ರಾತ್ರಿಯಷ್ಟೇ ಮನೆಯಲ್ಲಿ ಮಾತಾಡಿಕೊಂಡಿದ್ದೆವು. ಪೆನ್ನು ಅವರ ಕೈಯಲ್ಲೇ ಇತ್ತು. "ಒಳಗೆ ಬನ್ನಿ, ಟೀ ಇಡ್ತೀನಿ" ಅಂದೆ.