ಕಿಲೋಮೀಟರ್ ಬಿಡಿ, ಅವ್ವನ ಮೊಣಕಾಲು ನೋಡಿ

ಕಳೆದ ಡಿಸೆಂಬರಿನಲ್ಲಿ ವಾಟ್ಸಾಪಿಗೆ ಒಂದು ಪಟ್ಟಿ ಬಂತು. ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ. ಕೆಳಗೆ ಒಂದೇ ಸಾಲು: ‘12 ಮಂದಿ, ಒಂದು ದಿನ, ಟಿಟಿ ಬೇಕು.’ ಟಿಟಿ ಅಂದರೆ ಟೆಂಪೋ ಟ್ರಾವೆಲರ್.

ಹುಬ್ಬಳ್ಳಿಯಲ್ಲಿ ಕುಳಿತು ಜನರಿಗೆ ಗಾಡಿ, ಲಾಡ್ಜು, ಟಿಕೆಟ್ಟು ಹೊಂದಿಸಿಕೊಡುವ ಕೆಲಸ ನನ್ನದು. ಹತ್ತೊಂಬತ್ತು ವರ್ಷವಾಯಿತು. ಇಂಥ ಪಟ್ಟಿ ವಾರಕ್ಕೆ ಎರಡಾದರೂ ಬರುತ್ತವೆ. ಫೋನ್ ಮಾಡಿದೆ.

‘ಅಣ್ಣಾರ, ಹಿರ್ಯಾರು ಎಷ್ಟ್ ಮಂದಿ ಬರಾಕತ್ತಾರ್ರಿ?’

‘ನಮ್ಮವ್ವ ಒಬ್ಬಾಕಿ ಬರ್ತಾಳ್ರಿ. ಮೊಣಕಾಲ ನೋವೈತಿ, ಆದ್ರ ಗಾಡ್ಯಾಗ ಕುಂತಿರ್ತಾಳ. ಗೂಗಲ್‌ನ್ಯಾಗ ನೋಡೇನ್ರಿ, ಬರೇ ಮುನ್ನೂರಾ ಐವತ್ತ ಕಿಲೋಮೀಟರ್ ಆಕ್ಕೈತಿ.’

‘ಗಾಡ್ಯಾಗ ಕುಂತಿರ್ತಾಳ’ ಎಂಬ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅವ್ವನನ್ನು ಕರೆದುಕೊಂಡು ಹೋಗುವುದು ಊರು ತೋರಿಸಲಿಕ್ಕೋ, ಗಾಡಿ ಕಾಯಲಿಕ್ಕೋ? ಸಿಟ್ಟು ತೋರಿಸಲಿಲ್ಲ ಅನ್ನಿ. ಗಿರಾಕಿ ಅಲ್ವಾ. ಒಂದು ಹಾಳೆ ತೆಗೆದುಕೊಂಡು ಅವರಿಗೆ ಲೆಕ್ಕ ಬರೆದು ಕಳಿಸಿದೆ.

ಆ ಲೆಕ್ಕ ಹೀಗಿತ್ತು. ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ ಎನ್ನುತ್ತೀರಿ, ಹೊರಡುವುದು ಏಳೂವರೆಗೆ. ಹನ್ನೆರಡು ಮಂದಿಯ ಮನೆಯಲ್ಲಿ ಒಬ್ಬರ ಚಹಾ, ಇನ್ನೊಬ್ಬರ ಪೂಜೆ ಇದ್ದೇ ಇರುತ್ತದೆ. ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ದಾಟಿ ಬಾದಾಮಿ ಮುಟ್ಟಲು ನೂರೈದು ಕಿಲೋಮೀಟರ್, ಎರಡೂವರೆ ತಾಸು. ನಡುವೆ ನಾಷ್ಟಾ ಮುಕ್ಕಾಲು ತಾಸು. ಅಲ್ಲಿಗೆ ಹನ್ನೊಂದು ಗಂಟೆ. ಗುಹೆಗಳು ನಾಲ್ಕು, ಎಲ್ಲ ಮೆಟ್ಟಿಲ ಮೇಲೆಯೇ. ಎರಡು ತಾಸಿಗೆ ಕಡಿಮೆ ಆಗುವುದಿಲ್ಲ. ಬನಶಂಕರಿಗೆ ಹೋಗಿ ದರ್ಶನ, ಊಟ ಮುಗಿಸುವಷ್ಟರಲ್ಲಿ ಮೂರು. ಮಹಾಕೂಟ ಮುಗಿದು ಪಟ್ಟದಕಲ್ಲು ಸೇರಿದಾಗ ನಾಲ್ಕೂವರೆ. ಐಹೊಳೆಗೆ ಹೋಗುವಷ್ಟರಲ್ಲಿ ಹೊತ್ತು ಮುಳುಗಿ ಗೇಟಿಗೆ ಬೀಗ. ಕೂಡಲಸಂಗಮ ಕತ್ತಲಲ್ಲಿ. ಮನೆ ಸೇರುವುದು ರಾತ್ರಿ ಹನ್ನೆರಡರ ಮೇಲೆ. ಮರುದಿನ ಎಲ್ಲರೂ ರಜೆ ಹಾಕಬೇಕು.

ಫೋನಿನ ನಕಾಶೆ ತೋರಿಸುವುದು ಗಾಡಿಯ ಸಮಯ. ಹನ್ನೆರಡು ಜನ ಗಾಡಿಯಿಂದ ಇಳಿಯಲು, ಚಪ್ಪಲಿ ಬಿಡಲು, ಬಾತ್‌ರೂಮಿಗೆ ಹೋಗಿ ಬರಲು, ಮತ್ತೆ ಹತ್ತಲು ಬೇಕಾಗುವ ಹೊತ್ತು ಅದಕ್ಕೆ ಗೊತ್ತಿಲ್ಲ. ನನ್ನ ಅನುಭವದಲ್ಲಿ ಒಂದೊಂದು ಕಡೆ ಗಾಡಿ ನಿಲ್ಲಿಸಿದರೂ ಅರ್ಧ ತಾಸು ಹೋಗುತ್ತದೆ, ಏನೂ ನೋಡದೆಯೇ. ಆರು ಜಾಗ ಅಂದರೆ ಮೂರು ತಾಸು ಸುಮ್ನೆ ಹೋಯಿತು.

ಅದಕ್ಕೇ ನಾನು ಪಟ್ಟಿ ಮಾಡುವಾಗ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರು ಎಂದು ಮೊದಲು ಕೇಳುತ್ತೇನೆ. ಅವರಿಗೆ ಎಷ್ಟು ಆಗುತ್ತದೋ ಅಷ್ಟೇ ಆ ದಿನದ ಪ್ರವಾಸ. ದೊಡ್ಡ ಜಾಗ ಎರಡು, ಸಣ್ಣದು ಒಂದು. ಹಾಗೆ ಮಾಡಿದರೆ ನೋಡುವುದು ಕಡಿಮೆಯಾಗುತ್ತದೆ ಎಂದು ಗಂಡಸರು ತಕರಾರು ಮಾಡುತ್ತಾರೆ. ಹೆಂಗಸರು ಮಾಡುವುದಿಲ್ಲ. ಮಕ್ಕಳ ಹಸಿವು, ಹಿರಿಯರ ಮಾತ್ರೆ ಎಲ್ಲ ಅವರ ತಲೆಯ ಮೇಲೇ ಇರುತ್ತದಲ್ಲ.

ಈ ಬುದ್ಧಿ ನನಗೆ ಸುಮ್ನೆ ಬಂದದ್ದಲ್ಲ. ಕೆಲಸ ಶುರು ಮಾಡಿದ ಮೂರನೇ ವರ್ಷ, ಏಪ್ರಿಲ್ ತಿಂಗಳಲ್ಲಿ ಧಾರವಾಡದ ನಿವೃತ್ತ ಶಿಕ್ಷಕಿಯರ ಒಂದು ಗುಂಪನ್ನು ಗದಗ, ಲಕ್ಕುಂಡಿಗೆ ಕರೆದೊಯ್ದೆ. ಬೆಳಿಗ್ಗೆ ಗದುಗಿನ ವೀರನಾರಾಯಣ ಗುಡಿ. ಕುಮಾರವ್ಯಾಸ ಭಾರತ ಬರೆದ ಜಾಗ ಎಂದು ಅವರು ಅಲ್ಲೇ ಕುಳಿತು ಪದ್ಯ ಹೇಳಿದರು. ನಾನು ಗಡಿಯಾರ ನೋಡುತ್ತಿದ್ದೆ. ಆಮೇಲೆ ತ್ರಿಕೂಟೇಶ್ವರ. ಲಕ್ಕುಂಡಿ ಸೇರಿದಾಗ ಹನ್ನೆರಡೂವರೆ.

ಲಕ್ಕುಂಡಿಯಲ್ಲಿ ಕಾಶಿವಿಶ್ವೇಶ್ವರ ಗುಡಿಯಿದೆ. ಶಿವನ ಗುಡಿ ಮತ್ತು ಸೂರ್ಯನ ಗುಡಿ ಎದುರುಬದುರು. ಕಲ್ಲಿನಲ್ಲಿ ಇಷ್ಟು ಸಣ್ಣ ಕುಸುರಿ ಹೇಗೆ ಬಂತು ಎಂದು ಬೆರಗಾಗುತ್ತದೆ. ಆದರೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಏಪ್ರಿಲ್ ಮಧ್ಯಾಹ್ನ ಆ ಹಾಸುಗಲ್ಲು ಕಾದ ಹಂಚಿನ ಹಾಗೆ ಇರುತ್ತದೆ. ಟೀಚರುಗಳು ಒಂದು ಕಾಲು ಎತ್ತಿ ಒಂದು ಕಾಲು ಇಟ್ಟು ಓಡಿ ನೆರಳು ಸೇರಿದರು. ಒಬ್ಬರಿಗೆ ಅಂಗಾಲಿನಲ್ಲಿ ಬೊಬ್ಬೆ ಎದ್ದಿತು. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಹುಣ್ಣು ಮಾಯಲು ತಿಂಗಳೇ ಬೇಕಾಯಿತು. ನಾನು ಮನೆಗೆ ಹೋಗಿ ಕ್ಷಮೆ ಕೇಳಿದೆ. ‘ಇರಲಿ ಬಿಡಪ್ಪಾ, ಬಿಸಲ ಇರೂದ ಗೊತ್ತಿಲ್ಲದ ನಾವೂ ಬಂದ್ವಿ’ ಎಂದರು. ಗೊತ್ತಿರಬೇಕಾದವನು ನಾನಾಗಿದ್ದೆ.

ಈಗ ಲಕ್ಕುಂಡಿಗೆ ಬೆಳಿಗ್ಗೆ ಎಂಟಕ್ಕೇ ಕರೆದೊಯ್ಯುತ್ತೇನೆ, ಗದಗ ಆಮೇಲೆ. ಎಳೆ ಬಿಸಿಲಿನಲ್ಲಿ ಕೆತ್ತನೆಯೂ ಚೆನ್ನಾಗಿ ಕಾಣುತ್ತದೆ. ಚೀಲದಲ್ಲಿ ದಪ್ಪ ಕಾಲುಚೀಲದ ನಾಲ್ಕಾರು ಜೊತೆ ಇಟ್ಟಿರುತ್ತೇನೆ. ಊರೊಳಗೆ ನಡೆಯುತ್ತ ಹೋದರೆ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿ ಸಿಗುತ್ತವೆ. ಬಾವಿಯ ಮೆಟ್ಟಿಲು ಕಡಿದು, ಮಕ್ಕಳ ಕೈ ಬಿಡಬೇಡಿ. ಹೊತ್ತು ಉಳಿದರೆ ಡಂಬಳಕ್ಕೆ ಹೋಗಿ ಬನ್ನಿ. ಅಲ್ಲಿಯ ದೊಡ್ಡಬಸಪ್ಪ ಗುಡಿಯ ಗೋಡೆ ನಕ್ಷತ್ರದ ಆಕಾರದಲ್ಲಿ ತಿರುಗುತ್ತ ಹೋಗುತ್ತದೆ. ಲಕ್ಕುಂಡಿ ನೋಡಿದವರೆಲ್ಲ ಡಂಬಳ ಬಿಟ್ಟು ಬರುತ್ತಾರೆ. ನನಗೆ ಮಾತ್ರ ಅದೇ ಹೆಚ್ಚು ಇಷ್ಟ.

ಇನ್ನು ಗಾಡಿ. ಹೆಚ್ಚಿನ ಜಗಳ ಆಗುವುದು ಇಲ್ಲೇ. ‘ಕಿಲೋಮೀಟರಿಗೆ ಎಷ್ಟು’ ಎಂದಷ್ಟೇ ಕೇಳಿ ಫೋನ್ ಇಡುತ್ತಾರೆ. ಕೇಳಬೇಕಾದ್ದು ಇನ್ನೂ ಇದೆ. ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್ ಹಿಡಿಯುತ್ತಾರೆ? ನಮ್ಮ ಕಡೆ 250 ಅಥವಾ 300 ಹಿಡಿಯುವುದು ರೂಢಿ. ನೀವು ಲಕ್ಕುಂಡಿಗೆ ಹೋಗಿ ಬಂದು 160 ಓಡಿಸಿದರೂ 300ರ ದುಡ್ಡು ಕೊಡಬೇಕು. ಮೀಟರ್ ಎಲ್ಲಿಂದ ಶುರು, ನಿಮ್ಮ ಮನೆಯಿಂದಲೋ ಅವರ ಶೆಡ್ಡಿನಿಂದಲೋ? ಟೋಲು, ಪಾರ್ಕಿಂಗು, ಚಾಲಕನ ಬಾಟಾ ಒಳಗೋ ಹೊರಗೋ? ಗೋವಾ, ಮಹಾರಾಷ್ಟ್ರಕ್ಕೆ ಹೋಗುವುದಾದರೆ ಪರ್ಮಿಟ್ ಯಾರ ಖರ್ಚು? ಇದನ್ನೆಲ್ಲ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಹೊರಡುವ ದಿನ ಒಂದಿರುತ್ತದೆ, ಬಂದ ದಿನ ಇನ್ನೊಂದಾಗಿರುತ್ತದೆ. ಪರಿಚಯದವರ ಬಿಳಿ ಬೋರ್ಡ್ ಕಾರು ಸೋವಿ ಸಿಗುತ್ತದೆ ಎಂದು ಬಾಡಿಗೆಗೆ ಒಯ್ಯಬೇಡಿ. ಅಪಘಾತವಾದರೆ ವಿಮೆಯವರು ಮೊದಲು ನೋಡುವುದೇ ಬೋರ್ಡಿನ ಬಣ್ಣ.

ಚಾಲಕನ ನಿದ್ದೆಯ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ದಿನವಿಡೀ ಓಡಿಸಿದವನನ್ನು ರಾತ್ರಿಯೂ ಓಡಿಸು ಎನ್ನುವ ಪ್ರವಾಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಗಿರಾಕಿ ಹೋದರೂ ಸರಿ. ಲಾಡ್ಜಿಗೆ ಫೋನ್ ಮಾಡಿದಾಗ ‘ಡ್ರೈವರ್ ಮಲಗಲು ಜಾಗ ಇದೆಯೇ’ ಎಂದು ಕೇಳಿ. ಇಲ್ಲದಿದ್ದರೆ ಅವನು ಗಾಡಿಯಲ್ಲೇ ಸೊಳ್ಳೆ ಹೊಡೆಯುತ್ತ ರಾತ್ರಿ ಕಳೆಯುತ್ತಾನೆ. ಬೆಳಿಗ್ಗೆ ಅರಬೈಲು ಘಟ್ಟ ಇಳಿಸುವವನು ಅವನೇ.

ಲಾಡ್ಜಿನ ವಿಷಯದಲ್ಲಿ ನಾನೇ ಮೋಸ ಹೋಗಿದ್ದೇನೆ. ಒಂದು ಪುಣ್ಯಕ್ಷೇತ್ರದಲ್ಲಿ ಫೋಟೋ ನೋಡಿ ನಮ್ಮ ಮನೆಯವರಿಗೇ ರೂಮು ಮಾಡಿದ್ದೆ. ರೂಮು ಚೆನ್ನಾಗಿಯೇ ಇತ್ತು. ಮೂರನೇ ಮಹಡಿ, ಲಿಫ್ಟು ಇಲ್ಲ. ನಮ್ಮ ಅತ್ತೆ ಕೈಹಿಡಿಕೆ ಹಿಡಿದು ಹತ್ತಿದವರು ಮರುದಿನ ದರ್ಶನಕ್ಕೂ ಇಳಿಯಲಿಲ್ಲ. ಈಗ ನಾನು ಕೇಳುವ ಪ್ರಶ್ನೆಗಳು ಕೇಳಲು ಸಣ್ಣವು: ಲಿಫ್ಟು ಇದೆಯೇ, ಇಲ್ಲದಿದ್ದರೆ ಕೆಳಗಿನ ರೂಮು ಸಿಗುತ್ತದೆಯೇ, ಕಮೋಡ್ ಇದೆಯೇ, ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ, ಟಿಟಿ ಅಂಗಳದವರೆಗೆ ಬರುತ್ತದೆಯೇ.

ರೈಲಿನ ವಿಷಯದಲ್ಲಿ ನಮ್ಮ ಹುಬ್ಬಳ್ಳಿಯವರು ಪುಣ್ಯವಂತರು. ಹಲವು ಗಾಡಿ ಇಲ್ಲಿಂದಲೇ ಹೊರಡುತ್ತವೆ. ಮುಂಗಡ ಬುಕಿಂಗ್ 2024ರ ನವೆಂಬರಿನಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ದೀಪಾವಳಿ ಸೂಟಿಗೆ ನಾಲ್ಕು ತಿಂಗಳ ಮೊದಲೇ ಓಡಿ ಬರುವವರನ್ನು ಈಗಲೂ ವಾಪಸ್ ಕಳಿಸುತ್ತಿರುತ್ತೇನೆ. ಹಾವೇರಿ, ರಾಣೆಬೆನ್ನೂರಿನವರಿಗೆ ಒಂದು ಮಾತು. ಬೆಂಗಳೂರಿಗೆ ಹೋಗುವ ಗಾಡಿ ಹುಬ್ಬಳ್ಳಿಯಿಂದ ಹೊರಡುವುದಾಗಿದ್ದರೆ, ನಿಮ್ಮ ಸ್ಟೇಷನ್ನಿನಿಂದ ವೇಟಿಂಗ್ ತೋರಿಸಿದಾಗ ಹುಬ್ಬಳ್ಳಿಯಿಂದ ಹಾಕಿ ನೋಡಿ. ಸೀಟು ಸಿಗುವ ಸಂಭವ ಹೆಚ್ಚು. ಬುಕ್ ಮಾಡುವಾಗಲೇ ಹತ್ತುವ ಸ್ಟೇಷನ್ ಹಾವೇರಿ ಎಂದು ಆರಿಸಿ. ನಾಲ್ಕು ದುಡ್ಡು ಹೆಚ್ಚಾಗಬಹುದು, ಮಲಗಿ ಹೋಗಬಹುದು. ಹತ್ತುವ ಸ್ಟೇಷನ್ ಬದಲಿಸದೆ ಹಾವೇರಿಯಲ್ಲಿ ಹತ್ತಿದರೆ ಮಾತ್ರ ನಿಮ್ಮ ಸೀಟು ಬೇರೆಯವರಿಗೆ ಹೋಗಿರಬಹುದು.

ಹುಬ್ಬಳ್ಳಿ ಸ್ಟೇಷನ್ನಿನ ಉದ್ದದ ಪ್ಲಾಟ್‌ಫಾರ್ಮ್ ಬಗ್ಗೆ ನಮಗೆಲ್ಲ ಹೆಮ್ಮೆ. 1507 ಮೀಟರ್, ಜಗತ್ತಿನಲ್ಲೇ ಉದ್ದ. 2023ರಲ್ಲಿ ಉದ್ಘಾಟನೆಯಾಯಿತು. ಫೋಟೋಕ್ಕೆ ಚೆನ್ನ, ಮೊಣಕಾಲಿಗೆ ಅಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ನನ್ನಂಥವನಿಗೇ ಇಪ್ಪತ್ತು ನಿಮಿಷ ಬೇಕು. ನಿಮ್ಮ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ, ಬೋಗಿ ಮುಂದೆಯೋ ಹಿಂದೆಯೋ ಎಂದು ಕೇಳಿಕೊಂಡು ಸರಿಯಾದ ಬಾಗಿಲಿಗೇ ಆಟೋ ತರಿಸಿ.

ಬಸ್ಸಿನಲ್ಲಿ ಹೋಗುವ ಅಕ್ಕಂದಿರಿಗೆ ಶಕ್ತಿ ಯೋಜನೆಯ ಟಿಕೆಟ್ ಇದೆ. ಆದರೆ ಗೋವಾ, ಸೊಲ್ಲಾಪುರದ ಬಸ್ಸಿಗೆ, ಎಸಿ, ಸ್ಲೀಪರಿಗೆ ಅದು ನಡೆಯುವುದಿಲ್ಲ. ಪಣಜಿ ಬಸ್ಸು ಹತ್ತಿ ಆಧಾರ್ ತೋರಿಸಿ ಕಂಡಕ್ಟರನ ಜೊತೆ ವಾದಕ್ಕೆ ಇಳಿದವರನ್ನು ನೋಡಿದ್ದೇನೆ.

ದಿನ ಆರಿಸುವುದರಲ್ಲೂ ಎಡವುತ್ತೇವೆ. ಬಾದಾಮಿ, ಹಂಪಿ ಕಡೆಯ ಪುರಾತತ್ವ ಇಲಾಖೆಯ ಮ್ಯೂಸಿಯಮ್ಮುಗಳಿಗೆ ಶುಕ್ರವಾರ ರಜೆ. ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ, ಜನವರಿಯ ಆಸುಪಾಸು. ಜಾತ್ರೆಯೇ ಬೇಕೆಂದರೆ ಹೋಗಿ, ಗುಹೆ ನೋಡಬೇಕೆಂದರೆ ಆ ವಾರ ಬಿಡಿ. ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತು ಚಳಿಗಾಲದ ಅತಿಥಿ. ಮೇ ತಿಂಗಳಲ್ಲಿ ಹೋಗಿ ‘ಹಕ್ಕಿನ ಇಲ್ಲಲ್ರೀ’ ಎಂದರೆ ನಾನೇನು ಮಾಡಲಿ?

ಮೊದಲ ಸಲ ಅವ್ವ, ಅಪ್ಪನನ್ನು ಕರೆದುಕೊಂಡು ಹೊರಡುವವರಿಗೆ ನಾನು ದೂರದ ಊರು ಹೇಳುವುದಿಲ್ಲ. ಹಾವೇರಿ ಕಡೆ ಕಳಿಸುತ್ತೇನೆ. ಬಂಕಾಪುರದ ಕೋಟೆಯೊಳಗೆ ಕಂಬಗಳಿಂದಲೇ ಹೆಸರಾದ ನಗರೇಶ್ವರ ಗುಡಿ ಇದೆ, ಸುತ್ತ ನವಿಲು ಕೂಗುತ್ತವೆ. ಅಲ್ಲಿಂದ ಸವಣೂರಿಗೆ ಹೋದರೆ ಕಲ್ಮಠದ ಹತ್ತಿರ ‘ದೊಡ್ಡ ಹುಣಸೆ’ ಎಂದು ಕರೆಯುವ ಆಫ್ರಿಕಾ ಮೂಲದ ಬಾವೊಬಾಬ್ ಮರಗಳು. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿ ಬಿದ್ದಿತ್ತು, ಎತ್ತಿ ಮತ್ತೆ ನೆಟ್ಟಿದ್ದಾರೆ. ಬರುವಾಗ ಸವಣೂರು ಖಾರ ಕಟ್ಟಿಸಿಕೊಳ್ಳಿ. ಮಧ್ಯಾಹ್ನಕ್ಕೆ ಮನೆಯ ಬುತ್ತಿ ಸಾಕು: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಗಟ್ಟಿ ಮೊಸರು. ಸಂಜೆ ಆರಕ್ಕೆ ಮನೆ. ಅವ್ವನಿಗೆ ಎಷ್ಟು ಹೊತ್ತು ಕೂರಲು ಆಗುತ್ತದೆ, ಎಷ್ಟು ತಾಸಿಗೊಮ್ಮೆ ಇಳಿಯಬೇಕು, ಬಿಸಿಲು ತಡೆಯುತ್ತಾರೋ ಇಲ್ಲವೋ ಎಲ್ಲ ಆ ಒಂದು ದಿನದಲ್ಲಿ ಗೊತ್ತಾಗುತ್ತದೆ. ಕಾಶಿಗೆ ಹೋಗುವ ಮಾತು ಆಮೇಲೆ.

ಡಿಸೆಂಬರಿನ ಆ ವಿದ್ಯಾನಗರದ ಮನೆಯವರು ನನ್ನ ಹಾಳೆ ನೋಡಿ ಎರಡು ದಿನ ಫೋನ್ ಮಾಡಲಿಲ್ಲ. ಬೇರೆ ಕಡೆ ಹೋದರು ಎಂದುಕೊಂಡೆ. ಮೂರನೇ ದಿನ ಬಂದು ಬಾದಾಮಿ, ಬನಶಂಕರಿ, ಪಟ್ಟದಕಲ್ಲು ಇಷ್ಟೇ ಎಂದರು. ಬಾದಾಮಿಯಲ್ಲಿ ಅವ್ವ ಮೊದಲ ಗುಹೆಯವರೆಗೆ ಮಾತ್ರ ಹತ್ತಿದರಂತೆ. ಹದಿನೆಂಟು ಕೈಯ ನಟರಾಜ ಇರುವುದು ಅಲ್ಲೇ. ಉಳಿದವರು ಮೇಲಿನ ಗುಹೆ ನೋಡಿ ಬರುವವರೆಗೆ ಮೊಮ್ಮಗನ ಜೊತೆ ಕುಳಿತು ಕೈ ಎಣಿಸಿದ್ದಾರೆ. ಹುಡುಗನಿಗೆ ಪ್ರತಿ ಸಲ ಹದಿನಾರೇ ಬರುತ್ತಿತ್ತಂತೆ. ಬನಶಂಕರಿಯಲ್ಲಿ ಬುಟ್ಟಿಯಲ್ಲಿ ರೊಟ್ಟಿ ಮಾರುವ ಹೆಂಗಸರ ಹತ್ತಿರ ಊಟ. ಪಟ್ಟದಕಲ್ಲಿನಲ್ಲಿ ನೆಲ ಸಪಾಟು. ವಿರೂಪಾಕ್ಷ ಗುಡಿಯವರೆಗೆ ಯಾರ ಕೈಯನ್ನೂ ಹಿಡಿಯದೆ ನಡೆದರಂತೆ.

ಕಳೆದ ವಾರ ಅವ್ವನೇ ಮಗನ ಫೋನಿನಿಂದ ಮಾತಾಡಿದರು. ‘ತಮ್ಮಾ, ಸಂಗಮ ಉಳದೈತಲ್ಲ. ಮುಂದಿನ ತಿಂಗಳ ಗಾಡಿ ಹೇಳಿಬಿಡು. ಮುಂಜಾನೆ ಆರಕ್ಕ ಹೊಂಟಬಿಡತೀವಿ.’

ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಚಾಲಕನಿಗೆ ಮಾತ್ರ ಏಳೂವರೆ ಎಂದು ಹೇಳಿದ್ದೇನೆ.