ಹಳೆಯ ಸಿ ಕೋಡಿಗೆ ರಸ್ಟ್ ಸೇರಿಸುವುದು: ಎಲ್ಲಿಂದ ಕೈ ಹಾಕಬೇಕು?

ಚಿಂತಾಮಣಿ, ಶ್ರೀನಿವಾಸಪುರದ ಕಡೆಯ ಹಳ್ಳಿ ಡೇರಿಗಳಲ್ಲಿ ದಿನಕ್ಕೆ ಎರಡು ಹೊತ್ತೂ ಒಂದೇ ಕೆಲಸ. ಹಾಲು ತೂಕಕ್ಕೆ ಹೋಗುತ್ತದೆ, ಸ್ಯಾಂಪಲ್ ಅನಲೈಜರಿಗೆ ಹೋಗುತ್ತದೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಎಂಬ ಅಂಕಿ ಕೇಬಲ್ ಮೂಲಕ ಪಕ್ಕದ ಪುಟ್ಟ ಪೆಟ್ಟಿಗೆಗೆ ಬರುತ್ತದೆ. ಪೆಟ್ಟಿಗೆ ದರ ಕಟ್ಟಿ ಚೀಟಿ ಮುದ್ರಿಸುತ್ತದೆ. ಬಟವಾಡೆ ಆಗುವುದು ಆ ಲೆಕ್ಕದ ಮೇಲೆ.

ಇಂಥ ಯಂತ್ರಗಳ ತಂತ್ರಾಂಶವನ್ನು ಸಿ ಭಾಷೆಯಲ್ಲಿ ಬರೆಯುವುದು ಬಹುಕಾಲದ ರೂಢಿ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ರೂಪಿಸಿದ ಈ ಭಾಷೆ ಚಿಕ್ಕ ಚಿಪ್ಪಿನಲ್ಲೂ ಓಡುತ್ತದೆ, ವೇಗವಾಗಿ ಓಡುತ್ತದೆ, ಬರೆಯುವವನನ್ನು ಪೂರ್ತಿ ನಂಬುತ್ತದೆ. ತೊಂದರೆ ಇರುವುದು ಈ ನಂಬಿಕೆಯಲ್ಲೇ.

ಒಂದು ಮಾದರಿ ನೋಡೋಣ. ಪೆಟ್ಟಿಗೆಯ ಕೋಡಿನಲ್ಲಿ ಪ್ರತಿ ಸದಸ್ಯರಿಗೂ ಒಂದು ದಾಖಲೆ: ಮೊದಲು ಹೆಸರಿಗೆ 24 ಬೈಟ್, ಅದರ ಬೆನ್ನಿಗೇ ಸದಸ್ಯ ಸಂಖ್ಯೆಗೆ 4 ಬೈಟ್, ಆಮೇಲೆ ಫ್ಯಾಟ್ ಇತ್ಯಾದಿ. ಹೆಸರು ಇಂಗ್ಲಿಷಿನಲ್ಲಿ ಇರುವವರೆಗೆ 24 ಬೈಟ್ ಧಾರಾಳ. ಚೀಟಿ ಕನ್ನಡದಲ್ಲಿ ಬೇಕು ಎಂದು ಬೇಡಿಕೆ ಬಂದು ಹೆಸರುಗಳನ್ನು ಯೂನಿಕೋಡ್ ಕನ್ನಡಕ್ಕೆ ಬದಲಿಸಿದರು ಎಂದುಕೊಳ್ಳಿ. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಒತ್ತಕ್ಷರದ ನಡುವೆ ಕೂರುವ ಹಲಂತದ ಗುರುತೂ (್) ಒಂದು ಸಂಕೇತ. ‘ಲಕ್ಷ್ಮಮ್ಮ’ ಎಂಬ ಹೆಸರು ಕಾಗದದ ಮೇಲೆ ಮೂರೇ ಅಕ್ಷರ. ಯಂತ್ರದೊಳಗೆ ಅದು 9 ಸಂಕೇತ, 27 ಬೈಟ್. ಕೊನೆಯಲ್ಲಿ ಸಿ ಸೇರಿಸುವ ಸೊನ್ನೆಯೂ ಸೇರಿ 28.

24ರ ಜಾಗಕ್ಕೆ 28 ಬರೆದರೆ ಉಳಿದ ನಾಲ್ಕು ಬೈಟ್ ಪಕ್ಕದ ಸದಸ್ಯ ಸಂಖ್ಯೆಯ ಮೇಲೆ ಬೀಳುತ್ತವೆ. ಕೊನೆಯ ‘ಮ’ದ ಮೂರು ಬೈಟುಗಳು 224, 178, 174, ಆಮೇಲೆ 0. ಇವನ್ನು ಪೆಟ್ಟಿಗೆಯ ಆರ್ಮ್ ಚಿಪ್ ಒಂದು ಸಂಖ್ಯೆಯೆಂದು ಓದಿದಾಗ ಸಿಗುವುದು 1,14,49,056. ಅಲ್ಲಿ ಮೊದಲು 117 ಇದ್ದಿದ್ದರೆ ಅದು ಮಾಯ. ಯಂತ್ರ ನಿಲ್ಲುವುದಿಲ್ಲ, ಕೂಗುವುದೂ ಇಲ್ಲ, ಚೀಟಿ ಬರುತ್ತಲೇ ಇರುತ್ತದೆ. ಹಾಕಿದ ಹಾಲು ಮಾತ್ರ ಊರಲ್ಲೇ ಇಲ್ಲದ ಸದಸ್ಯರ ಖಾತೆಗೆ ಜಮಾ. ಆ ಸಂಖ್ಯೆಯನ್ನು ನೋಡಿ ಇದು ಹೆಸರಿನ ಬಾಲ ಎಂದು ಯಾರಿಗೂ ಹೊಳೆಯುವುದಿಲ್ಲ, ಹುಡುಕುವವರು ಡೇಟಾಬೇಸನ್ನೋ ನೆಟ್‌ವರ್ಕನ್ನೋ ಅನುಮಾನಿಸುತ್ತಾ ಕೂರುತ್ತಾರೆ.

ಮೆಮೊರಿ ದೋಷ ಎನ್ನುವುದು ಇದನ್ನೇ. ಇದು ಸಣ್ಣ ಯಂತ್ರಗಳಿಗಷ್ಟೇ ಅಂಟಿದ ಕಾಯಿಲೆಯಲ್ಲ. ತಾನು ತೇಪೆ ಹಾಕುವ ಭದ್ರತಾ ದೋಷಗಳಲ್ಲಿ ಸುಮಾರು 70% ಈ ಜಾತಿಯವೇ ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತ್ತು. 2020ರಲ್ಲಿ ಕ್ರೋಮ್ ತಂಡವೂ ತನ್ನ ಗಂಭೀರ ದೋಷಗಳ ಬಗ್ಗೆ ಹೆಚ್ಚುಕಡಿಮೆ ಅದೇ ಪ್ರಮಾಣ ಕೊಟ್ಟಿತು.

ಇಲ್ಲಿ ರಸ್ಟ್‌ನ ಪ್ರವೇಶ. ಗ್ರೇಡನ್ ಹೋರ್ 2006ರಲ್ಲಿ ಸ್ವಂತ ಆಸಕ್ತಿಯಿಂದ ಶುರು ಮಾಡಿ, ಮುಂದೆ ಮೊಜಿಲ್ಲಾ ಆಸರೆಯಲ್ಲಿ ಬೆಳೆದು, 2015ರ ಮೇ ತಿಂಗಳಲ್ಲಿ 1.0 ಆವೃತ್ತಿ ಕಂಡ ಭಾಷೆ ಇದು. ಸಿಯಷ್ಟೇ ವೇಗದ ಕೋಡ್ ಕೊಡುತ್ತದೆ, ಆದರೆ ಪ್ರತಿ ಅರೇ (ಒಂದರ ಪಕ್ಕ ಒಂದಿಟ್ಟ ಅಂಶಗಳ ಸಾಲು) ತನ್ನ ಉದ್ದವನ್ನು ಬಲ್ಲದು, ಮೆಮೊರಿಯ ಪ್ರತಿ ತುಂಡಿಗೂ ಒಬ್ಬನೇ ಯಜಮಾನ, ಯಜಮಾನ ಹೋದ ಮೇಲೆ ಆ ತುಂಡನ್ನು ಮುಟ್ಟುವ ಕೋಡ್ ಕಂಪೈಲೇ (ಯಂತ್ರಭಾಷೆಗೆ ಪರಿವರ್ತನೆಯೇ) ಆಗುವುದಿಲ್ಲ. 24ರ ಜಾಗಕ್ಕೆ 27 ಬೈಟ್ ನಕಲಿಸಹೋದರೆ ರಸ್ಟ್ ಅಲ್ಲೇ ತಡೆಯುತ್ತದೆ.

ಹಾಗಂತ ಹೆಸರಿನ ಸಮಸ್ಯೆಯೇ ತೀರಿತು ಎನ್ನುವಂತಿಲ್ಲ. ಸಂಕೇತದ ಗಡಿ ನೋಡಿಕೊಂಡು ಮೊಟಕುಗೊಳಿಸಿದರೂ 24ರೊಳಗೆ, ಸೊನ್ನೆಗೆ ಜಾಗ ಬಿಟ್ಟು, ಹಿಡಿಸುವುದು 7 ಸಂಕೇತ. ಚೀಟಿಯಲ್ಲಿ ಬರುವುದು ‘ಲಕ್ಷ್ಮಮ’. ಮೆಮೊರಿ ಸುರಕ್ಷಿತ, ಹೆಸರು ತಪ್ಪು. ಜಾಗವನ್ನೇ 96 ಬೈಟಿಗೆ ಹಿಗ್ಗಿಸುವುದು ಭಾಷೆಯ ಕೆಲಸವಲ್ಲ, ನಮ್ಮ ಕೆಲಸ.

ಮುಂದಿನ ಪ್ರಶ್ನೆ: ಪೆಟ್ಟಿಗೆಯಲ್ಲಿ ಈಗಾಗಲೇ ಇರುವ ನಲವತ್ತು ಸಾವಿರ ಸಾಲಿನ ಸಿ ಕೋಡನ್ನು ಏನು ಮಾಡುವುದು? ಪೂರ್ತಿ ಹೊಸದಾಗಿ ಬರೆಯೋಣ ಎಂಬ ಉತ್ಸಾಹವನ್ನು ಮೊದಲ ದಿನವೇ ಅದುಮಿಡಬೇಕು. ವರ್ಷಗಟ್ಟಲೆ ಓಡಿದ ಕೋಡಿನಲ್ಲಿ ಯಾರೂ ಎಲ್ಲೂ ಬರೆದಿಡದ ತಿದ್ದುಪಡಿಗಳಿರುತ್ತವೆ, ಅವೆಲ್ಲ ಹೊಸ ಬರಹದಲ್ಲಿ ಉದುರಿಹೋಗುತ್ತವೆ. ಆಂಡ್ರಾಯ್ಡ್ ಅನುಭವವೂ ಇದನ್ನೇ ಹೇಳುತ್ತದೆ. ಅಲ್ಲಿ ಹಳೆಯ ಕೋಡನ್ನು ಬಹುಪಾಲು ಇದ್ದಂತೆಯೇ ಬಿಟ್ಟು, ಹೊಸದನ್ನು ಸುರಕ್ಷಿತ ಭಾಷೆಗಳಲ್ಲಿ ಬರೆಯುತ್ತಾ ಹೋದರು. 2019ರಲ್ಲಿ 76% ಇದ್ದ ಮೆಮೊರಿ ದೋಷಗಳ ಪಾಲು 2024ಕ್ಕೆ 24%ಕ್ಕೆ ಇಳಿಯಿತು. ದೋಷ ಹೆಚ್ಚಾಗಿ ಇರುವುದು ಹೊಸದಾಗಿ ಬರೆದ ಕೋಡಿನಲ್ಲಿ, ಹಳೆಯದರಲ್ಲಿರುವವು ಕಾಲಕ್ರಮೇಣ ಸಿಕ್ಕಿ ಕಡಿಮೆಯಾಗುತ್ತವೆ.

ಆದ್ದರಿಂದ ಆರಿಸಬೇಕಾದದ್ದು ಒಂದೇ ಒಂದು ತುಣುಕು. ಹೊರಗಿನಿಂದ ಬರುವ, ನಮ್ಮ ಹತೋಟಿಯಲ್ಲಿಲ್ಲದ ಮಾಹಿತಿಯನ್ನು ಬಿಡಿಸಿ ಓದುವ ಭಾಗವೇ ಅದಕ್ಕೆ ಸರಿ, ಅಂದರೆ ಪಾರ್ಸರ್. 2016ರಲ್ಲಿ ಫೈರ್‌ಫಾಕ್ಸ್ 48ರೊಳಗೆ ರಸ್ಟ್ ಮೊದಲು ಬಂದದ್ದೂ ವಿಡಿಯೊ ಫೈಲಿನ ತಲೆಬರಹ ಓದುವ ಪಾರ್ಸರ್ ರೂಪದಲ್ಲಿ. ಕೋಡಿನ ಆವೃತ್ತಿಗಳನ್ನು ಕಾಪಾಡುವ ಗಿಟ್ ಇನ್ನೂ ಜಾಗ್ರತೆ ವಹಿಸಿತು. 2025ರ ನವೆಂಬರಿನ 2.52 ಆವೃತ್ತಿಯಲ್ಲಿ, ಸಂಖ್ಯೆಗಳನ್ನು ಬೈಟುಗಳಿಗೆ ಮಡಚಿ ಬಿಚ್ಚುವ ಒಂದು ಪುಟ್ಟ ಭಾಗವನ್ನಷ್ಟೇ ರಸ್ಟ್‌ನಲ್ಲಿ ಕೊಟ್ಟು, ಬೇಕಾದವರು ಬಳಸಿ ಎಂದಿತು. ಅದರಿಂದ ಗಿಟ್ ವೇಗವಾಗಲಿಲ್ಲ. ಬಿಲ್ಡ್ (ಕೋಡಿನಿಂದ ಓಡುವ ಪ್ರೋಗ್ರಾಮ್ ಕಟ್ಟುವ ಕೆಲಸ) ಎಲ್ಲೆಲ್ಲಿ ಮುರಿಯುತ್ತದೆ ಎಂದು ತಿಳಿಯುವುದೇ ಉದ್ದೇಶವಾಗಿತ್ತು. ನಮ್ಮ ಪೆಟ್ಟಿಗೆಯಲ್ಲಿ ಇದಕ್ಕೆ ಸಮನಾದ ಜಾಗ ಅನಲೈಜರಿನ ಸಾಲನ್ನು ಓದುವ ಫಂಕ್ಷನ್. ಪ್ರಿಂಟರ್, ದರಪಟ್ಟಿ, ಸೀರಿಯಲ್ ಪೋರ್ಟ್ ತೆರೆಯುವ ಕೋಡ್ ಯಾವುದನ್ನೂ ಸದ್ಯಕ್ಕೆ ಮುಟ್ಟಬೇಕಿಲ್ಲ.

ರಸ್ಟ್ ಮುಟ್ಟುವ ಮೊದಲು ಇರುವ ಸಿ ಕೋಡನ್ನೇ ಅಡ್ರೆಸ್ ಸ್ಯಾನಿಟೈಜರ್ (ಓಡುವಾಗ ಮೆಮೊರಿ ದೋಷ ಹಿಡಿಯುವ ಸಾಧನ) ಹಾಕಿ ಒಮ್ಮೆ ಓಡಿಸಿ ನೋಡುವುದು ಒಳ್ಳೆಯದು. ಸಿ ಕಂಪೈಲರಾದ ಜಿಸಿಸಿಯ ‘ಫೋರ್ಟಿಫೈ ಸೋರ್ಸ್’ ಆಯ್ಕೆ 2ರ ಮಟ್ಟದಲ್ಲಿದ್ದರೆ ಮೇಲಿನ 28 ಬೈಟಿನ ಪ್ರಕರಣ ಓಡುವಾಗಲೇ ಸಿಕ್ಕಿಬೀಳಬಹುದು. ಖರ್ಚಿಲ್ಲದ ಈ ಕೆಲಸವನ್ನು ಬಿಟ್ಟು ನೇರ ಹೊಸ ಭಾಷೆಗೆ ಜಿಗಿಯುವುದು ಆತುರ.

ಆಮೇಲೆ ಜೋಡಣೆ. ರಸ್ಟ್ ಭಾಗವನ್ನು ಸ್ಟ್ಯಾಟಿಕ್ ಲೈಬ್ರರಿಯಾಗಿ (ಪ್ರೋಗ್ರಾಮಿನೊಳಗೇ ಬೆರೆಯುವ ಕೋಡಿನ ಕಟ್ಟು) ಕಟ್ಟಿದರೆ ಚುಕ್ಕಿ-ಎ (.a) ಎಂದು ಕೊನೆಯಾಗುವ ಒಂದು ಫೈಲು ಸಿಗುತ್ತದೆ, ಬಿಲ್ಡ್ ಸೂಚನೆಗಳಿರುವ ಹಳೆಯ ಮೇಕ್‌ಫೈಲಿನಲ್ಲಿ ಅದನ್ನು ಸಿ ಆಬ್ಜೆಕ್ಟ್ ಫೈಲುಗಳ ನಂತರ ಸೇರಿಸಬೇಕು, ಮೊದಲಲ್ಲ. ತುಣುಕುಗಳನ್ನು ಜೋಡಿಸುವ ಲಿಂಕರ್ ಯಾವುದೋ ಫಂಕ್ಷನ್ ಸಿಗಲಿಲ್ಲ ಎಂದು ಗೊಣಗಿದರೆ, ಬೇಕಾದ ಸಿಸ್ಟಮ್ ಲೈಬ್ರರಿಗಳ ಪಟ್ಟಿಯನ್ನು ರಸ್ಟ್ ಕಂಪೈಲರೇ ಮುದ್ರಿಸಿಕೊಡುತ್ತದೆ, ಹಾಗೆ ಕೇಳುವ ಆಯ್ಕೆ ಇದೆ. ಇಂಥ ಎರಡು ರಸ್ಟ್ ಲೈಬ್ರರಿಗಳನ್ನು ಒಂದೇ ಪ್ರೋಗ್ರಾಮಿಗೆ ಸೇರಿಸಿದರೆ ಹೆಸರುಗಳು ಡಿಕ್ಕಿ ಹೊಡೆಯುವ ಸಂಭವವಿದೆ. ಆದ್ದರಿಂದ ರಸ್ಟ್‌ನ ಎಷ್ಟೇ ತುಣುಕುಗಳಿದ್ದರೂ ಎಲ್ಲವನ್ನೂ ಒಂದೇ ಲೈಬ್ರರಿಯ ಕೆಳಗೆ ತರಬೇಕು. ಫಂಕ್ಷನ್ನುಗಳ ಘೋಷಣೆ ಇರುವ ಸಿ ಹೆಡರ್ ಫೈಲನ್ನು ಕೈಯಲ್ಲಿ ಬರೆಯದೆ ‘ಸಿಬೈಂಡ್‌ಜೆನ್’ ಎಂಬ ಸಾಧನದಿಂದ ತೆಗೆಸಿದರೆ ಎರಡು ಕಡೆಯ ಘೋಷಣೆ ಬೇರೆಬೇರೆಯಾಗುವ ಅಪಾಯ ತಪ್ಪುತ್ತದೆ.

ನಿಜವಾದ ಕಷ್ಟ ಇರುವುದು ಎರಡು ಭಾಷೆಗಳು ಸೇರುವ ಗಡಿಯಲ್ಲಿ. ರಸ್ಟ್ ಕೊಡುವ ಭರವಸೆ ಈ ಗಡಿಯವರೆಗೆ ಮಾತ್ರ, ಅದರಾಚೆ ಮತ್ತೆ ಸಿಯ ನಂಬಿಕೆಯ ಲೋಕ. ರಸ್ಟ್ ತನ್ನ ಅನುಕೂಲಕ್ಕೆ ದಾಖಲೆಯೊಳಗಿನ ಅಂಶಗಳ ಕ್ರಮವನ್ನು ಬದಲಿಸುತ್ತದೆ, ಆದ್ದರಿಂದ ಗಡಿ ದಾಟುವ ಪ್ರತಿ ದಾಖಲೆಗೂ ‘ಸಿ ವಿನ್ಯಾಸವನ್ನೇ ಇಡು’ ಎಂದು ಗುರುತು ಹಾಕಬೇಕು. ಮರೆತರೆ ಫ್ಯಾಟ್ ಇರಬೇಕಾದಲ್ಲಿ ತೂಕ ಕಂಡೀತು. ಸಿಯ ಒಂದು ಬೈಟಿನ ‘ಕ್ಯಾರ್’ ವಿಧ ಲ್ಯಾಪ್‌ಟಾಪಿನ ಎಕ್ಸ್86 ಚಿಪ್ಪಿನಲ್ಲಿ ಋಣ ಸಂಖ್ಯೆಯನ್ನೂ ಹಿಡಿಯುತ್ತದೆ, ಆರ್ಮ್ ಲಿನಕ್ಸ್‌ನಲ್ಲಿ ಹಿಡಿಯುವುದಿಲ್ಲ. ರಸ್ಟ್‌ನಲ್ಲಿ ಅದನ್ನು ‘ಐ8’ (ಋಣವನ್ನೂ ಹಿಡಿಯುವ ಒಂದು ಬೈಟಿನ ಸಂಖ್ಯೆ) ಎಂದೇ ಬರೆದುಬಿಟ್ಟರೆ ಮೇಜಿನ ಮೇಲೆ ಸರಿಯಾಗಿ ಕಂಪೈಲ್ ಆದದ್ದು ಪೆಟ್ಟಿಗೆಗೆ ಕಟ್ಟುವಾಗ ಕೈಕೊಡುತ್ತದೆ. ಇದಕ್ಕೆಂದೇ ‘ಸಿ ಕ್ಯಾರ್’ ಎಂಬ ಪ್ರತ್ಯೇಕ ವಿಧ ಇದೆ. ಸಿಯಲ್ಲಿ ಬಫರ್ (ಮಾಹಿತಿ ಇಡುವ ಜಾಗ) ಖಾಲಿ ಎಂದು ಹೇಳಲು ನಲ್ ಪಾಯಿಂಟರ್ (ಎಲ್ಲಿಯೂ ತೋರಿಸದ ವಿಳಾಸ) ಮತ್ತು ಉದ್ದ 0 ಕಳಿಸುವುದು ಹಳೆಯ ಅಭ್ಯಾಸ. ರಸ್ಟ್‌ನಲ್ಲಿ ಇವೆರಡರಿಂದ ಸ್ಲೈಸ್ (ವಿಳಾಸ ಮತ್ತು ಉದ್ದದ ಜೋಡಿ) ಕಟ್ಟುವುದು, ಉದ್ದ ಸೊನ್ನೆಯಾದರೂ, ನಿಯಮಭಂಗ. ಮೊದಲು ನಲ್ ಪರೀಕ್ಷೆ ಮಾಡಲೇಬೇಕು.

ಇನ್ನು ಮೆಮೊರಿಯ ಒಡೆತನ. ರಸ್ಟ್ ಪಡೆದ ಮೆಮೊರಿಯನ್ನು ಸಿಯ ‘ಫ್ರೀ’ಯಿಂದ ಬಿಡುಗಡೆ ಮಾಡಬಾರದು, ತಿರುವುಮುರುವಾಗಿಯೂ ಸಲ್ಲದು. ಪಡೆದ ಕಡೆಯೇ ಬಿಡಬೇಕು. ಇದಕ್ಕಿಂತ ಸರಳ ದಾರಿ ಎಂದರೆ ಬಫರನ್ನೂ ಅದರ ಉದ್ದವನ್ನೂ ಸಿಯೇ ಕೊಡುವುದು, ರಸ್ಟ್ ಅದರೊಳಗೆ ತುಂಬಿ 0 ಅಥವಾ ದೋಷಸಂಖ್ಯೆ ಹಿಂತಿರುಗಿಸುವುದು. ಆಗ ಒಡೆತನದ ಪ್ರಶ್ನೆಯೇ ಏಳುವುದಿಲ್ಲ. ಗಡಿ ದಾಟುವ ಫಂಕ್ಷನ್‌ಗಳು ಎರಡೋ ಮೂರೋ ಇದ್ದರೆ ಸಾಕು. ಇಪ್ಪತ್ತಾದರೆ ಕತ್ತರಿಸುವ ಜಾಗ ತಪ್ಪಿದೆ ಎಂದೇ ಅರ್ಥ.

ಪ್ಯಾನಿಕ್ ವಿಷಯವನ್ನು ಹಲವರು ಕೊನೆಗೆ ಬಿಡುತ್ತಾರೆ, ಬಿಡಬಾರದು. ಅರೇ ಗಡಿ ಮೀರಿದರೆ ರಸ್ಟ್ ಪ್ಯಾನಿಕ್ ಆಗುತ್ತದೆ, ಅಂದರೆ ಮುಂದುವರಿಯದೆ ಅಲ್ಲೇ ಕೈಚೆಲ್ಲುತ್ತದೆ. 2024ರಲ್ಲಿ ಬಂದ 1.81 ಆವೃತ್ತಿಯಿಂದೀಚೆಗೆ, ಅದು ಸಿಗೆ ತೆರೆದ ಫಂಕ್ಷನ್ನಿನಿಂದ ಹೊರಬೀಳುವಂತಾದರೆ ಇಡೀ ಪ್ರೋಗ್ರಾಮೇ ನಿಲ್ಲುತ್ತದೆ. ತಪ್ಪು ಲೆಕ್ಕಕ್ಕಿಂತ ನಿಂತ ಯಂತ್ರ ವಾಸಿ ಎಂಬುದು ವಾದಕ್ಕೆ ಸರಿ, ಆದರೆ ಬೆಳಿಗ್ಗೆ ಆರೂವರೆಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ಅದನ್ನು ಒಪ್ಪುವುದಿಲ್ಲ. ಆದ್ದರಿಂದ ಪಾರ್ಸರ್ ಒಳಗೆ, ಉತ್ತರ ಸಿಗದಿದ್ದರೆ ಪ್ಯಾನಿಕ್ ಆಗುವ ‘ಅನ್‌ರ‍್ಯಾಪ್’ ಬಳಸದೆ ಪ್ರತಿ ವಿಫಲತೆಯನ್ನೂ ದೋಷಸಂಖ್ಯೆಯಾಗಿ ಹೊರಗೆ ಕಳಿಸಬೇಕು. ‘ಮತ್ತೆ ಸ್ಯಾಂಪಲ್ ಇಡಿ’ ಎಂದು ಸಿ ಕೋಡ್ ತೆರೆಯ ಮೇಲೆ ತೋರಿಸಿದರೆ ಆಯಿತು.

ಕೋಡ್ ಸಿದ್ಧವಾದ ಮೇಲೆ ಹಳೆಯದನ್ನು ಕೂಡಲೇ ಕಿತ್ತುಹಾಕಬೇಡಿ. ಅನಲೈಜರಿನಿಂದ ಬಂದ ನಿಜವಾದ ಸಾಲುಗಳನ್ನು ಹಲವು ವಾರ ದಾಖಲಿಸಿಕೊಂಡು, ಎರಡೂ ಪಾರ್ಸರ್‌ಗಳಿಗೆ ಉಣಿಸಿ, ಉತ್ತರ ಬೇರೆಯಾದ ಸಾಲುಗಳನ್ನಷ್ಟೇ ಕೂತು ನೋಡಬೇಕು. ಅಲ್ಲಿ ಸಿಗುವ ವ್ಯತ್ಯಾಸಗಳು ಸ್ವಾರಸ್ಯಕರ. ಅಂಕಿಗೆ ಮೊದಲು ಒಂದು ಖಾಲಿ ಜಾಗ ಇದ್ದರೆ, ಬರಹವನ್ನು ಸಂಖ್ಯೆಯಾಗಿಸುವ ಸಿಯ ‘ಎಟೋಎಫ್’ ಅದನ್ನು ಹಾರಿಸಿ 4.1 ಓದುತ್ತದೆ. ರಸ್ಟ್‌ನ ‘ಪಾರ್ಸ್’ ದೋಷ ಎನ್ನುತ್ತದೆ, ಮೊದಲು ಅಂಚಿನ ಖಾಲಿ ಜಾಗ ತೆಗೆಯುವ ‘ಟ್ರಿಮ್’ ಮಾಡಬೇಕು. ಅನಲೈಜರ್ ಅಂಕಿಯ ಬದಲು ಗೀಟುಗಳನ್ನು ಕಳಿಸಿದರೆ ‘ಎಟೋಎಫ್’ ಸದ್ದಿಲ್ಲದೆ 0 ಕೊಡುತ್ತದೆ. ಯಂತ್ರ ತೊಳೆಯುವ ಹೊತ್ತಿನಲ್ಲಿ ಹಾಗಾಗಿದ್ದರೆ ಯಾರದೋ ಹಾಲಿಗೆ ಫ್ಯಾಟ್ 0 ಎಂದು ದಾಖಲಾಗಿರುತ್ತದೆ. ಇಲ್ಲಿ ಹಳೆಯ ಕೋಡೇ ತಪ್ಪು. ಮೊದಲನೆಯದರಲ್ಲಿ ಹೊಸದು ಹಳೆಯದನ್ನು ಅನುಸರಿಸಬೇಕು, ಎರಡನೆಯದರಲ್ಲಿ ಅನುಸರಿಸಬಾರದು. ಈ ತೀರ್ಮಾನ ಮಾಡಬೇಕಾದವರು ಹಾಲಿನ ಲೆಕ್ಕ ಬಲ್ಲವರು. ಇದರ ಜೊತೆಗೆ ‘ಕಾರ್ಗೋ ಫಜ್’ನಿಂದ ಒಂದು ರಾತ್ರಿಯಿಡೀ ಅಡ್ಡಾದಿಡ್ಡಿ ಬೈಟುಗಳನ್ನು ತುರುಕಿಸಿ ನೋಡಿದರೆ ಉಳಿದ ಪ್ಯಾನಿಕ್‌ಗಳೂ ಹೊರಬರುತ್ತವೆ.

ಎಲ್ಲ ಯಂತ್ರಕ್ಕೂ ಇದು ಒಗ್ಗುವುದಿಲ್ಲ. 8051 ಜಾತಿಯ ಹಳೆಯ ಪುಟ್ಟ ಚಿಪ್ ಇದ್ದರೆ ರಸ್ಟ್ ಮಾತೇ ಬೇಡ, ಅಧಿಕೃತ ಕಂಪೈಲರ್ ಅದಕ್ಕೆ ಕೋಡ್ ಕೊಡುವುದಿಲ್ಲ. ಲಿನಕ್ಸ್ ಪೆಟ್ಟಿಗೆಯಾದರೂ ಹಳೆಯದಾದರೆ ನೋಡಿಕೊಳ್ಳಬೇಕು: 2022ರ 1.64 ಆವೃತ್ತಿಯಿಂದ ಗ್ನೂ ಲಿನಕ್ಸ್ ಗುರಿಗಳಿಗೆ ಕನಿಷ್ಠ, ಸಿಯ ಮೂಲ ಲೈಬ್ರರಿಯಾದ ಜಿಲಿಬ್‌ಸಿ 2.17, ಕರ್ನಲ್ 3.2 ಬೇಕು. ದೊಡ್ಡ ಯೋಜನೆಗಳೂ ಇಲ್ಲಿ ಮುಗ್ಗರಿಸಿವೆ. 2021ರಲ್ಲಿ ಪೈಥಾನಿನ ‘ಕ್ರಿಪ್ಟೋಗ್ರಫಿ’ ಪ್ಯಾಕೇಜ್ ಒಳಗೆ ರಸ್ಟ್ ತಂದಾಗ, ರಸ್ಟ್ ಓಡದ ಹಳೆಯ ಚಿಪ್‌ಗಳವರಿಗೆ ಬಿಲ್ಡ್ ನಿಂತುಹೋಗಿ ಗದ್ದಲವೇ ಎದ್ದಿತು. ರಸ್ಟ್‌ಗೆ ಆರು ವಾರಕ್ಕೊಂದು ಹೊಸ ಆವೃತ್ತಿ ಬರುತ್ತದೆ, ಅದರ ಹಿಂದೆ ಓಡದೆ ಒಂದು ಆವೃತ್ತಿಯನ್ನು ಗಟ್ಟಿಮಾಡಿ ರೆಪಾಸಿಟರಿಯಲ್ಲೇ ಬರೆದಿಡಬೇಕು. ಹೊರಗಿನ ಪ್ಯಾಕೇಜುಗಳನ್ನು ‘ಕಾರ್ಗೋ ವೆಂಡರ್’ ಮೂಲಕ ಜೊತೆಗೇ ಇಟ್ಟುಕೊಂಡರೆ ಇಂಟರ್‌ನೆಟ್ ಕೈಕೊಟ್ಟ ದಿನವೂ ಬಿಲ್ಡ್ ಆಗುತ್ತದೆ. ಪ್ರೋಗ್ರಾಮಿನ ಗಾತ್ರ ಹೆಚ್ಚಾಯಿತು ಅನ್ನಿಸಿದರೆ ಅದನ್ನು ಇಳಿಸುವ ಆಯ್ಕೆಗಳಾದ ಎಲ್‌ಟಿಒ, ‘ಪ್ಯಾನಿಕ್ ಅಬಾರ್ಟ್’, ಸ್ಟ್ರಿಪ್ ಮೂರನ್ನೂ ಹಾಕಿ ಅಳೆಯಿರಿ.

ಕೊನೆಯದು ಜನ. ಇಂಟರ್ನೆಟ್ಟಿನಿಂದ ಫೈಲು ತರುವ ಸಾಧನವಾದ ಕರ್ಲ್ ಯೋಜನೆ 2020ರಲ್ಲಿ ‘ಹೈಪರ್’ ಎಂಬ ರಸ್ಟ್ ಲೈಬ್ರರಿಯನ್ನು ಐಚ್ಛಿಕವಾಗಿ ಸೇರಿಸಿಕೊಳ್ಳಲು ಹೊರಟು, ಬಹುಪಾಲು ಕೆಲಸ ಮುಗಿಸಿಯೂ 2024ರ ಕೊನೆಯಲ್ಲಿ ಕೈಬಿಟ್ಟಿತು. ಬಳಕೆದಾರರಿಂದ ಬೇಡಿಕೆ ಇರಲಿಲ್ಲ, ಸಿ ಮತ್ತು ರಸ್ಟ್ ಎರಡನ್ನೂ ಬಲ್ಲ, ನಡುವಿನ ಅಂಟು ಕೋಡನ್ನು ನೋಡಿಕೊಳ್ಳುವ ಕೈಗಳೂ ಇರಲಿಲ್ಲ. ತುಮಕೂರು, ಕೋಲಾರದ ಎಂಜಿನಿಯರಿಂಗ್ ಕಾಲೇಜುಗಳಿಂದ ಬರುವವರಿಗೆ ಸಿ ಪರಿಚಯ ಇದ್ದೇ ಇರುತ್ತದೆ, ರಸ್ಟ್ ಅನ್ನು ಹೆಚ್ಚಿನವರು ಕೆಲಸದಲ್ಲೇ ಕಲಿಯಬೇಕಾಗುತ್ತದೆ. ತಂಡದಲ್ಲಿ ರಸ್ಟ್ ಓದಿ ತಪ್ಪು ಹಿಡಿಯಬಲ್ಲವರು ಕನಿಷ್ಠ ಇಬ್ಬರಾಗುವವರೆಗೆ ಸಿ ಪಾರ್ಸರ್ ಮೇಕ್‌ಫೈಲಿನ ಒಂದು ಆಯ್ಕೆಯ ಹಿಂದೆ ಉಳಿದಿರಲಿ. ಆ ಆಯ್ಕೆಯನ್ನು ಬದಲಿಸಿ ವಾರಕ್ಕೊಮ್ಮೆ ಎರಡೂ ಬಗೆಯಲ್ಲಿ ಬಿಲ್ಡ್ ಮಾಡಿ ನೋಡುತ್ತಿರಬೇಕು, ಇಲ್ಲದಿದ್ದರೆ ಬೇಕಾದ ದಿನ ಅದು ಕಂಪೈಲ್ ಆಗುವುದಿಲ್ಲ.